20ಕ್ಕೂ ಹೆಚ್ಚು ಹೊಸಬರು: 2022ರಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಆಟಗಾರರನ್ನು ಆರಿಸಿದ್ದು ಹೇಗೆ?

ಗೋಲ್‌ಪೋಸ್ಟ್ ಪಕ್ಕ

23 ವರ್ಷದ ನಂತರ ಇಂಗ್ಲೆಂಡಿನ ಅತಿ ಮೇಲಿನ ಫುಟ್‌ಬಾಲ್ ಲೀಗಾದ ಪ್ರೀಮಿಯರ್ ಲೀಗಿಗೆ ಮರಳಿದ ಫಾರೆಸ್ಟ್ ಕ್ಲಬ್, 2022ರ ಬೇಸಿಗೆಯ ವಿಂಡೋ (ಆಟಗಾರರನ್ನು ಕೊಳ್ಳಲು, ಮಾರಲು ಇರುವ ಅವಧಿ) ಒಂದರಲ್ಲೇ 20ಕ್ಕೂ ಹೆಚ್ಚು ಆಟಗಾರರನ್ನು ತಂದಿತು. ಸಂತೆಯಲ್ಲಿ ಕಣ್ಣಿಗೆ ಬಿದ್ದದ್ದನ್ನೆಲ್ಲ ಚೀಲಕ್ಕೆ ತುಂಬಿಕೊಂಡ ಹಾಗೆ ಕಾಣುತ್ತಿತ್ತು. ಆದರೂ ಆ ತಂಡ 38 ಅಂಕ ಗಳಿಸಿ 16ನೇ ಸ್ಥಾನದಲ್ಲಿ ಉಳಿದುಕೊಂಡಿತು. ಮುಂದಿನ ಸೀಸನ್‌ನಲ್ಲಿ 4 ಅಂಕ ಕಡಿತವಾಯಿತು. 2024-25ರಲ್ಲಿ ನೋಡಿದರೆ 7ನೇ ಸ್ಥಾನ!

ಇಷ್ಟು ಕಡಿಮೆ ಸಮಯದಲ್ಲಿ ಕ್ಲಬ್ ಯಾರನ್ನು ಕೊಳ್ಳಬೇಕೆಂದು ತೀರ್ಮಾನಿಸುವುದು ಹೇಗೆ? ರೆಲಿಗೇಟ್ ಆಗುವ, ಅಂದರೆ ಕೆಳಗಿನ ಲೀಗಿಗೆ ಇಳಿಯುವ ಭಯ ಇರುವ ತಂಡಕ್ಕೆ ಒಳ್ಳೆಯ ಆಟಗಾರ ಯಾಕೆ ಬರುತ್ತಾನೆ? ಅಂಕ ಕಡಿತಕ್ಕೂ ಈ ಖರೀದಿಗೂ ಸಂಬಂಧ ಏನು? ಬಲ್ಲವರು ವಿವರವಾಗಿ ಬರೆಯಿರಿ.

ಎಡಗಾಲಿನ ವಿಂಗರ್

ಮೊದಲು ಅವರ ಪರಿಸ್ಥಿತಿ ನೋಡಿ. ಬಡ್ತಿ ಗಳಿಸಿದ ತಂಡದಲ್ಲಿದ್ದ ಜೆಡ್ ಸ್ಪೆನ್ಸ್, ಜೇಮ್ಸ್ ಗಾರ್ನರ್, ಕೀನನ್ ಡೇವಿಸ್, ಫಿಲಿಪ್ ಜಿಂಕರ್ನಾಗಲ್, ಮ್ಯಾಕ್ಸ್ ಲೋ, ಈ ಐವರೂ ಲೋನ್ ಮೇಲೆ, ಅಂದರೆ ಬೇರೆ ಕ್ಲಬ್‌ಗಳಿಂದ ಸ್ವಲ್ಪ ಕಾಲಕ್ಕೆ ಎರವಲು ಬಂದವರು. ಸೀಸನ್ ಮುಗಿದ ಕೂಡಲೇ ಹೊರಟರು. ಗೋಲ್‌ಕೀಪರ್ ಬ್ರೀಸ್ ಸಾಂಬಾ ಫ್ರಾನ್ಸಿನ ಲಾನ್ಸ್ ಕ್ಲಬ್ಬಿಗೆ ಹೋದ. ಸ್ಟ್ರೈಕರ್ ಲೂಯಿಸ್ ಗ್ರಬನ್ ಒಪ್ಪಂದ ಮುಗಿಯಿತು. ಅಂದರೆ ಏಳು ಜಾಗ ಹಾಗೇ ಖಾಲಿ. ಉಳಿದವರಲ್ಲಿ ಹಲವರಿಗೆ ಮೇಲಿನ ಲೀಗಿನ ಅನುಭವ ಇರಲಿಲ್ಲ. ಆಸೆಗೆ ಬಿದ್ದು ಕೊಂಡರು ಅನ್ನುವುದು ಪೂರ್ತಿ ನ್ಯಾಯವಲ್ಲ.

ಆಯ್ಕೆ ಶುರುವಾಗಬೇಕಾದ್ದು ಹೆಸರಿನಿಂದಲ್ಲ, ಖಾಲಿ ಬಿದ್ದ ಕೆಲಸದಿಂದ. ಸ್ಪೆನ್ಸ್ ಹೋದ ಮೇಲೆ 'ರೈಟ್‌ಬ್ಯಾಕ್ (ಬಲಬದಿಯ ಡಿಫೆಂಡರ್) ಬೇಕು' ಅಂತ ಬರೆದುಕೊಂಡರೆ ನೂರಾರು ಹೆಸರು ಬರುತ್ತವೆ. 'ನಮ್ಮ ಅರ್ಧದಿಂದ ಚೆಂಡನ್ನು ತಾನೇ ಓಡಿಸಿಕೊಂಡು 40 ಮೀಟರ್ ಮುಂದಕ್ಕೆ ಒಯ್ಯುವವನು, ಚೆಂಡು ಕಳೆದರೆ ಅಷ್ಟೇ ವೇಗದಲ್ಲಿ ಹಿಂದಿರುಗುವವನು, 25ರ ಒಳಗಿನವನು' ಅಂತ ಬರೆದರೆ ಪಟ್ಟಿ ಹತ್ತಿಪ್ಪತ್ತಕ್ಕೆ ಇಳಿಯುತ್ತದೆ.

ಆಮೇಲೆ ಅಂಕಿಅಂಶದ ಜರಡಿ. ಒಂದು ಸೀಸನ್‌ನಲ್ಲಿ ಕನಿಷ್ಠ 900 ನಿಮಿಷ, ಅಂದರೆ ಹತ್ತು ಪೂರ್ತಿ ಪಂದ್ಯ ಆಡದವನ ಅಂಕಿಗಳನ್ನು ನಂಬಬಾರದು. ಇಲ್ಲಿ ಹೊಸಬರು ಎಡವುವ ಜಾಗ ಒಂದಿದೆ: ಚೆಂಡು ಕಡಿಮೆ ಸಿಗುವ ತಂಡದ ಡಿಫೆಂಡರ್‌ಗೆ ಟ್ಯಾಕಲ್ ಸಂಖ್ಯೆ ತಾನಾಗಿಯೇ ಜಾಸ್ತಿ ಇರುತ್ತದೆ. ಆ ತಂಡದ ಬಳಿ ಚೆಂಡು ಎಷ್ಟು ಹೊತ್ತು ಇತ್ತು ಅನ್ನುವುದಕ್ಕೆ ಸರಿಹೊಂದಿಸದೆ ಇಬ್ಬರನ್ನು ಹೋಲಿಸಿದರೆ ತಪ್ಪು ಮನುಷ್ಯ ಮೇಲೆ ಬರುತ್ತಾನೆ.

ಮೂರನೆಯದು ವಿಡಿಯೊ. ಏಜೆಂಟ್ ಕಳಿಸಿದ ಐದು ನಿಮಿಷದ ತುಣುಕಲ್ಲ, ಎಂಟು-ಹತ್ತು ಇಡೀ ಪಂದ್ಯ. ಅದರಲ್ಲಿ ಮೂರಾದರೂ ಹೊರ ಊರಿನಲ್ಲಿ ಸೋತದ್ದಿರಬೇಕು. ಕೊನೆಗೆ ಸ್ಕೌಟ್, ಅಂದರೆ ಆಟಗಾರರನ್ನು ಹುಡುಕುವವನು, ಮೈದಾನಕ್ಕೇ ಹೋಗಬೇಕು, ಯಾಕೆಂದರೆ ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ. ಚೆಂಡು ಆ ಕಡೆ ಬದಿಯಲ್ಲಿದ್ದಾಗ ಈ ಕಡೆಯ ಫುಲ್‌ಬ್ಯಾಕ್ (ಬದಿಯ ಡಿಫೆಂಡರ್) ಎಷ್ಟು ಸಲ ಭುಜದ ಮೇಲಿಂದ ಹಿಂದೆ ತಿರುಗಿ ನೋಡಿದ, ಸೊಂಟ ಯಾವ ಕಡೆ ತಿರುಗಿತ್ತು, ಪಾದಗಳು ಒಂದೇ ಸಾಲಲ್ಲಿ ನಿಂತುಬಿಟ್ಟಿದ್ದವೇ, ಇದೆಲ್ಲ ಗ್ಯಾಲರಿಯಿಂದಲೇ ಕಾಣುವುದು. ಪಾದ ಸಮ ಇಟ್ಟು ಚೆಂಡನ್ನೇ ನೋಡುತ್ತ ನಿಂತವನ ಬೆನ್ನ ಹಿಂದಿನಿಂದ ವಿಂಗರ್ ನುಗ್ಗುತ್ತಾನೆ. ಅಂಥ ಗೋಲು ಅವನ ತಪ್ಪು ಅಂತ ಅಂಕಿಪಟ್ಟಿಯಲ್ಲಿ ಸಾಮಾನ್ಯವಾಗಿ ದಾಖಲಾಗುವುದಿಲ್ಲ.

ಇಂಗ್ಲೆಂಡಿನಲ್ಲಿ ಇನ್ನೆರಡು ಬಾಗಿಲು ದಾಟಬೇಕು. ಬ್ರೆಕ್ಸಿಟ್ ನಂತರ, 2021ರಿಂದ, ಯುರೋಪಿನವರೂ ಸೇರಿ ವಿದೇಶಿ ಆಟಗಾರರಿಗೆ ಕೆಲಸದ ಪರವಾನಗಿಗೆ ಅಂಕ ಪದ್ಧತಿ ಇದೆ. ರಾಷ್ಟ್ರೀಯ ತಂಡದ ಪಂದ್ಯಗಳು, ಆಡಿದ ಲೀಗಿನ ದರ್ಜೆ, ಆಡಿದ ನಿಮಿಷ, ಎಲ್ಲ ಕೂಡಿ ಸಾಮಾನ್ಯವಾಗಿ 15 ಅಂಕ ಆಗಬೇಕು. ಎರಡನೆಯದು 25 ಜನರ ಪಟ್ಟಿ. ಅದರಲ್ಲಿ ಇಂಗ್ಲೆಂಡ್-ವೇಲ್ಸ್ ಕ್ಲಬ್‌ಗಳಲ್ಲಿ ಬೆಳೆಯದವರು 17ಕ್ಕಿಂತ ಹೆಚ್ಚು ಇರುವಂತಿಲ್ಲ. 21ರ ಒಳಗಿನವರಿಗೆ ಈ ಲೆಕ್ಕ ಇಲ್ಲ.

ಸ್ಟ್ರೈಕರ್ ಟೈವೊ ಅವೊನಿಯಿಯನ್ನೇ ನೋಡಿ. 2015ರಲ್ಲಿ ಲಿವರ್‌ಪೂಲ್ ಸೇರಿದರೂ ಪರವಾನಗಿ ಸಿಗದೆ ಜರ್ಮನಿ, ನೆದರ್‌ಲ್ಯಾಂಡ್ಸ್, ಬೆಲ್ಜಿಯಂ ಅಂತ ಲೋನ್ ಮೇಲೆ ಅಲೆದು, ಆ ಕ್ಲಬ್‌ಗೆ ಒಂದೂ ಅಧಿಕೃತ ಪಂದ್ಯ ಆಡಲಿಲ್ಲ. ಯೂನಿಯನ್ ಬರ್ಲಿನ್‌ನಲ್ಲಿ ಗೋಲು ಹೊಡೆದ ಮೇಲೆ ಫಾರೆಸ್ಟ್ ಕರೆತಂದಿತು. ಮೊದಲ ಸೀಸನ್‌ನಲ್ಲೇ ಲೀಗಿನಲ್ಲಿ 10 ಗೋಲು. ತಂಡವನ್ನು ಉಳಿಸಿದ್ದು, ಆರ್ಸೆನಲ್ ವಿರುದ್ಧದ 1-0 ಗೋಲೂ ಸೇರಿ, ಬಹುಪಾಲು ಅವನೇ.

ಕೊನೆಯ ವಿಸಿಲ್

ಯಾಕೆ ಬರುತ್ತಾರೆ ಅನ್ನುವ ಪ್ರಶ್ನೆಗೆ ನಾನು ಬರೆಯುತ್ತೇನೆ. ಸಂಬಳ ಮುಖ್ಯ, ಆದರೆ ದೊಡ್ಡ ಕ್ಲಬ್ಬಿನ ಬೆಂಚಿನಲ್ಲಿ ಕೂತವನಿಗೆ ಅದಕ್ಕಿಂತ ಮುಖ್ಯವಾದದ್ದು ಆಟದ ಸಮಯ. ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಎರಡನೇ ಕೀಪರ್ ಆಗಿದ್ದ ಡೀನ್ ಹೆಂಡರ್ಸನ್ ಲೋನ್ ಮೇಲೆ ಬಂದದ್ದು, ಲಿವರ್‌ಪೂಲ್‌ನಿಂದ ನೆಕೊ ವಿಲಿಯಮ್ಸ್ ಬಂದದ್ದು ಹೀಗೇ. 'ಈ ಜಾಗ ನಿನ್ನದು' ಅಂತ ಕೋಚ್ ಎದುರು ಕೂತು, ಅವನದೇ ವಿಡಿಯೊ ಹಾಕಿ, ತಂಡದಲ್ಲಿ ಎಲ್ಲಿ ಹೊಂದುತ್ತಾನೆ ಅಂತ ತೋರಿಸಿದರೆ ಅರ್ಧ ಕೆಲಸ ಆದ ಹಾಗೆ.

ಇನ್ನೊಂದು, ಕೋಚ್ ಮೇಲಿನ ಹಳೆಯ ನಂಬಿಕೆ. 2017ರಲ್ಲಿ ನಮ್ಮ ಕೋಲ್ಕತ್ತದಲ್ಲಿ ಸ್ಪೇನನ್ನು 5-2ರಿಂದ ಸೋಲಿಸಿ 17ರ ಒಳಗಿನವರ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡದ ಕೋಚ್, 2022ರಲ್ಲಿ ಫಾರೆಸ್ಟ್ ಕೋಚ್ ಆಗಿದ್ದ ಇದೇ ಸ್ಟೀವ್ ಕೂಪರ್. ಆ ಫೈನಲ್‌ನಲ್ಲಿ ಒಂದು ಗೋಲು ಮಾರ್ಗನ್ ಗಿಬ್ಸ್-ವೈಟ್‌ದು. ಮುಂದೆ ಸ್ವಾನ್ಸಿ ಕ್ಲಬ್ಬಿನ ಕೋಚ್ ಆಗಿದ್ದಾಗಲೂ ಕೂಪರ್ ಅವನನ್ನು ಲೋನ್ ಮೇಲೆ ಕರೆಸಿಕೊಂಡಿದ್ದರು. 2022ರಲ್ಲಿ ಅವನ ಕ್ಲಬ್ ವುಲ್ವ್ಸ್‌ಗೆ 2.5 ಕೋಟಿ ಪೌಂಡ್, ಮೇಲೆ ಷರತ್ತಿನ ಮೊತ್ತ ಬೇರೆ ಕೊಟ್ಟಾಗ ಬಹಳ ಜನಕ್ಕೆ ದುಬಾರಿ ಅನ್ನಿಸಿತ್ತು. ಆದರೆ ಅವನ ಸ್ವಭಾವ, ಅಭ್ಯಾಸದ ಶಿಸ್ತು, ಸೋತಾಗಿನ ನಡತೆ ಎಲ್ಲವೂ ಕೋಚ್‌ಗೆ ಮೊದಲೇ ಗೊತ್ತಿತ್ತು. ಆ ತಿಳಿವಳಿಕೆಗೂ ಬೆಲೆ ಇದೆ.

ರೆಲಿಗೇಟ್ ಆಗುವ ಭಯಕ್ಕೆ ಒಪ್ಪಂದದಲ್ಲೇ ಉತ್ತರ ಬರೆದಿರುತ್ತಾರೆ. ಆಟಗಾರನ ಕಡೆಯಿಂದ ಬಿಡುಗಡೆಯ ಷರತ್ತು (ರಿಲೀಸ್ ಕ್ಲಾಸ್): ತಂಡ ಕೆಳಗಿಳಿದರೆ ಇಷ್ಟು ಹಣಕ್ಕೆ ಬಿಟ್ಟುಕೊಡಬೇಕು. ಕ್ಲಬ್ಬಿನ ಕಡೆಯಿಂದ ಸಂಬಳ ಇಳಿಕೆ: ಕೆಳಗಿಳಿದರೆ ಸಂಬಳ ಇಷ್ಟು ಶೇಕಡಾ ಕಡಿಮೆ. ಎರಡನೆಯದನ್ನು ಬರೆಸಿಕೊಳ್ಳದ ಕ್ಲಬ್ ಟಿವಿ ಹಣ ಕುಸಿದಾಗ ಕಷ್ಟಕ್ಕೆ ಸಿಲುಕಬಹುದು.

ಲೆಡ್ಜರ್

ಅಂಕ ಕಡಿತದ ಲೆಕ್ಕ ನನ್ನ ಪಾಲಿಗಿರಲಿ. 2.5 ಕೋಟಿ ಪೌಂಡ್ ಕೊಟ್ಟು 5 ವರ್ಷದ ಒಪ್ಪಂದ ಮಾಡಿಕೊಂಡರೆ ಪುಸ್ತಕದಲ್ಲಿ ವರ್ಷಕ್ಕೆ 50 ಲಕ್ಷ ಪೌಂಡ್ ಖರ್ಚು ಬೀಳುತ್ತದೆ, ಸಂಬಳ ಬೇರೆ. ಆದರೆ ಅಕಾಡೆಮಿಯಲ್ಲಿ ಬೆಳೆದ ಹುಡುಗನನ್ನು ಮಾರಿದರೆ ಅವನ ಖರೀದಿ ಬೆಲೆ ಸೊನ್ನೆ. ಬಂದದ್ದೆಲ್ಲ ಲಾಭ, ಅದೂ ಮಾರಿದ ವರ್ಷದ ಲೆಕ್ಕಕ್ಕೇ.

ಆಗಿನ ನಿಯಮದಂತೆ ಪ್ರೀಮಿಯರ್ ಲೀಗಿನಲ್ಲಿ 3 ವರ್ಷಕ್ಕೆ ಒಟ್ಟು 10.5 ಕೋಟಿ ಪೌಂಡ್ ನಷ್ಟಕ್ಕೆ ಅವಕಾಶ ಇತ್ತು, ವರ್ಷಕ್ಕೆ 3.5 ಕೋಟಿ. ಮೀರಿದರೆ ಶಿಕ್ಷೆ. ಕೆಳಗಿನ ಲೀಗಾದ ಚಾಂಪಿಯನ್‌ಶಿಪ್‌ನಲ್ಲಿ ಇದ್ದ ಒಂದೊಂದು ವರ್ಷಕ್ಕೆ ಬರೀ 1.3 ಕೋಟಿ. ಫಾರೆಸ್ಟ್‌ಗೆ ಎರಡು ವರ್ಷ ಕೆಳಗೆ, ಒಂದು ವರ್ಷ ಮೇಲೆ: 1.3 + 1.3 + 3.5 = 6.1 ಕೋಟಿ. ಅದನ್ನು 3.45 ಕೋಟಿ ಮೀರಿದರು.

ಎಡವಟ್ಟಾದದ್ದು ತಾರೀಖಿನಲ್ಲಿ. ಲೆಕ್ಕದ ವರ್ಷ ಮುಗಿಯುವುದು ಜೂನ್ 30ಕ್ಕೆ. ಅಕಾಡೆಮಿಯ ಹುಡುಗ ಬ್ರೆನನ್ ಜಾನ್ಸನ್‌ನನ್ನು ಟಾಟನ್‌ಹ್ಯಾಮ್‌ಗೆ ಸುಮಾರು 4.75 ಕೋಟಿಗೆ ಮಾರಿದ್ದು 2023ರ ಸೆಪ್ಟೆಂಬರ್ 1ರಂದು, ವಿಂಡೋದ ಕೊನೆಯ ದಿನ. ಕಾದದ್ದಕ್ಕೆ ಒಳ್ಳೆಯ ಬೆಲೆ ಬಂತು ಅನ್ನುವುದು ಕ್ಲಬ್ಬಿನ ವಾದ. ಲೆಕ್ಕದ ಗಡುವು ಆಗಲೇ ಎರಡು ತಿಂಗಳು ದಾಟಿತ್ತು. 2024ರ ಮಾರ್ಚ್‌ನಲ್ಲಿ ಇದನ್ನು ವಿಚಾರಿಸಿದ ಆಯೋಗ 6 ಅಂಕಕ್ಕೆ ನಿಗದಿ ಮಾಡಿ, ಸಹಕರಿಸಿದ್ದಕ್ಕೆ 2 ಬಿಟ್ಟು 4 ಕಡಿತ ಮಾಡಿತು. ಆ ಸೀಸನ್ 32 ಅಂಕದೊಂದಿಗೆ 17ನೇ ಸ್ಥಾನ, ಕೆಳಗಿಳಿಯದೆ ಉಳಿದದ್ದೇ ಹೆಚ್ಚು.

ಗೋಲ್‌ಪೋಸ್ಟ್ ಪಕ್ಕ

ಬಹಳ ಉಪಕಾರ. ಹಾಗಾದರೆ ಒಪ್ಪಂದ ಮುಗಿದವರನ್ನು ಪುಕ್ಕಟೆ ತರುವುದೇ ಕ್ಷೇಮ ಅಲ್ಲವೇ? ಜೆಸ್ಸಿ ಲಿಂಗಾರ್ಡ್ ಬಂದ ಹಾಗೆ?

ಲೆಡ್ಜರ್

ಪುಕ್ಕಟೆ ಅನ್ನುವುದು ಹಳೆಯ ಕ್ಲಬ್ಬಿಗೆ ಕೊಡುವ ಹಣಕ್ಕೆ ಮಾತ್ರ. ಆ ಹಣ ಸಹಿ ಮೊತ್ತವಾಗಿ, ಏಜೆಂಟ್ ಕಮಿಷನ್ನಾಗಿ, ದೊಡ್ಡ ಸಂಬಳವಾಗಿ ಬೇರೆ ಬಾಗಿಲಿಂದ ಹೋಗುತ್ತದೆ. ಮಾರಿ ಹಣ ವಾಪಸ್ ಪಡೆಯುವ ದಾರಿಯೂ ಕಡಿಮೆ. ಲಿಂಗಾರ್ಡ್ ಒಪ್ಪಂದ ಒಂದೇ ವರ್ಷದ್ದು. ಲೀಗಿನಲ್ಲಿ ಒಂದೂ ಗೋಲು ಬರಲಿಲ್ಲ, ವರ್ಷ ಮುಗಿದ ಮೇಲೆ ಹೋದ. ಒಂದು ವರ್ಷಕ್ಕೇ ನಿಲ್ಲಿಸಿದ್ದು ಸರಿಯಾದ ಕೆಲಸ. 30 ಹತ್ತಿರದವರಿಗೆ ಮೂರು-ನಾಲ್ಕು ವರ್ಷ ಬರೆದುಕೊಟ್ಟು ಸಿಕ್ಕಿಬೀಳುವ ಕ್ಲಬ್‌ಗಳೇ ಹೆಚ್ಚು.

ಎಡಗಾಲಿನ ವಿಂಗರ್

ಕೆಟ್ಟದ್ದು ಎಲ್ಲಿ ಅನ್ನುವುದನ್ನೂ ಹೇಳಬೇಕು. ಜನ ಕೆಟ್ಟವರಾಗಿರಲಿಲ್ಲ, ಒಟ್ಟಿಗೆ ಬಂದರು. ಡಿಫೆಂಡರ್ ಲೊಯಿಕ್ ಬಾಡೆ ರೆನ್‌ನಿಂದ ಲೋನ್ ಮೇಲೆ ಬಂದು ಫಾರೆಸ್ಟ್‌ಗೆ ಒಂದು ಪಂದ್ಯವೂ ಆಡಲಿಲ್ಲ. ಜನವರಿಯಲ್ಲಿ ಸೆವಿಯ್ಯಾಗೆ ಹೋಗಿ ಅದೇ ಸೀಸನ್ ಯುರೋಪಾ ಲೀಗ್ ಫೈನಲ್ ಆಡಿ ಗೆದ್ದ! ಒಂದೇ ಜಾಗಕ್ಕೆ ಆರೇಳು ಜನ ಸಾಲು ನಿಂತರೆ ಒಳ್ಳೆಯವನೂ ಕೊಳೆಯುತ್ತಾನೆ.

ಮಿಡ್‌ಫೀಲ್ಡರ್ ಲೂಯಿಸ್ ಓ'ಬ್ರಿಯನ್ ಕಥೆ ಇನ್ನೂ ಬೇಸರದ್ದು. 2023ರ ಜನವರಿಯ ಕೊನೆಗೆ ಬ್ಲ್ಯಾಕ್‌ಬರ್ನ್‌ಗೆ ಲೋನ್ ಮಾತಾಯಿತು, ಕಾಗದ ಗಡುವಿನೊಳಗೆ ಸೇರದೆ ನೋಂದಣಿ ಆಗಲಿಲ್ಲ. ಇತ್ತ ಫಾರೆಸ್ಟ್‌ನ 25ರ ಪಟ್ಟಿಯಲ್ಲೂ ಹೆಸರಿಲ್ಲ. ಕೊನೆಗೆ ಅಮೆರಿಕದ ಡಿ.ಸಿ. ಯುನೈಟೆಡ್‌ಗೆ ಹೋಗಬೇಕಾಯಿತು. ಕೊನೆಯ ರಾತ್ರಿ ಮೆಡಿಕಲ್, ಸಹಿ, ಎರಡೂ ಕ್ಲಬ್ಬಿನ ಒಪ್ಪಿಗೆ ಎಲ್ಲ ಒಟ್ಟಿಗೆ ಬಂದರೆ ಒಂದು ಪುಟ ತಡವಾದರೂ ಸಾಕು.

ಅಷ್ಟು ಹೊಸಬರಿಗೆ ಒಬ್ಬರ ಆಟ ಒಬ್ಬರಿಗೆ ತಿಳಿಯಲು ತಿಂಗಳುಗಳೇ ಬೇಕು. ಅಕ್ಟೋಬರ್ 3ರಂದು ಲೆಸ್ಟರ್ ಎದುರು 4-0 ಸೋತು ಕೊನೆಯ ಸ್ಥಾನಕ್ಕೆ ಬಿದ್ದಾಗ ಕೋಚ್ ಕೆಲಸ ಹೋಗುತ್ತದೆ ಅಂದುಕೊಂಡವರೇ ಎಲ್ಲ. ಅದೇ ವಾರ ಕ್ಲಬ್ ಕೂಪರ್‌ಗೆ ಹೊಸ ಒಪ್ಪಂದ ಕೊಟ್ಟಿತು. ಆ ಸೀಸನ್‌ನ ಅತ್ಯುತ್ತಮ ನಿರ್ಧಾರ ಅದೇ ಅಂತ ನನ್ನ ಅಭಿಪ್ರಾಯ. ಕೋಚ್ ಬದಲಾಗಿದ್ದರೆ ಅವರಿಗಾಗಿ ಆರಿಸಿದ ಅಷ್ಟೂ ಆಟಗಾರರು ಬೇರೆ ಪದ್ಧತಿಗೆ ಹೊಂದಬೇಕಿತ್ತು.

ಕೊನೆಯ ವಿಸಿಲ್

7ನೇ ಸ್ಥಾನದ ತಂಡ ಬಂದದ್ದು ಆಮೇಲಿನ ನಿಧಾನದ ಖರೀದಿಯಿಂದ. 2023ರಲ್ಲಿ ಕೊರಿಂಥಿಯನ್ಸ್‌ನಿಂದ ಮುರಿಲ್ಲೊ, 2024ರ ಜನವರಿ ವಿಂಡೋದಲ್ಲಿ ಸ್ಟ್ರಾಸ್‌ಬರ್ಗ್‌ನಿಂದ ಕೀಪರ್ ಮಾಟ್ಸ್ ಸೆಲ್ಸ್, ಬೇಸಿಗೆಯಲ್ಲಿ ಫಿಯೊರೆಂಟಿನಾದಿಂದ ನಿಕೊಲಾ ಮಿಲೆಂಕೊವಿಚ್. ಬೇರೆ ಬೇರೆ ವಿಂಡೋದಲ್ಲಿ ಬಂದ ಈ ಮೂವರದು ಗೋಲಿನ ಮುಂದಿನ ಒಂದೇ ತ್ರಿಕೋನ: ಎಡಗಾಲಿನಿಂದ ಚೆಂಡು ಹೊತ್ತು ಮುನ್ನುಗ್ಗುವವನೊಬ್ಬ, ತಲೆಯಿಂದ ಎತ್ತರದ ಚೆಂಡು ಗೆಲ್ಲುವವನೊಬ್ಬ, ಹಿಂದೆ ಕೀಪರ್. 2024-25ರಲ್ಲಿ ಸೆಲ್ಸ್ 13 ಪಂದ್ಯಗಳಲ್ಲಿ ಗೋಲು ಬಿಡಲಿಲ್ಲ, ಅತಿ ಹೆಚ್ಚು ಪಂದ್ಯಗಳಲ್ಲಿ ಗೋಲು ಬಿಡದ ಕೀಪರ್‌ಗೆ ಕೊಡುವ ಗೋಲ್ಡನ್ ಗ್ಲೋವ್ ಪ್ರಶಸ್ತಿಯನ್ನು ಅವನೂ ಆರ್ಸೆನಲ್‌ನ ಡೇವಿಡ್ ರಾಯಾನೂ ಹಂಚಿಕೊಂಡರು. ಮುಂದುಗಡೆ, ಮೊದಲು ಲೋನ್ ಮೇಲೆ ತಂದು ನೋಡಿ ಆಮೇಲೆ ಕೊಂಡ ಕ್ರಿಸ್ ವುಡ್ 20 ಗೋಲು ಹೊಡೆದ.