ಪದಚರ್ಚೆ: ಅಣುಬಾಂಬ್ ತಡೆಯುವ ವಾದದಲ್ಲಿ 'ಸುರಕ್ಷತೆ', 'ದಿಗ್ಬಂಧನ', 'ಮುಂಜಾಗ್ರತೆ' – ಇವು ಸರಿಯಾದ ಪದಗಳೇ?

ಬಳಗದ ಎಲ್ಲರಿಗೂ ನಮಸ್ಕಾರ.

ರಾಯಚೂರಿನಿಂದ ಬರೆಯುತ್ತಿದ್ದೇನೆ. ಇಲ್ಲಿನ ಪದವಿ ಕಾಲೇಜೊಂದರ ಚರ್ಚಾಸ್ಪರ್ಧೆಗೆ ಟಿಪ್ಪಣಿ ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ವಿಷಯ ಹೀಗಿದೆ: 'ಅಣ್ವಸ್ತ್ರ ಪ್ರಸರಣ ತಡೆಯಲು ರಾಜತಾಂತ್ರಿಕತೆಯೇ ದಾರಿ, ಬಲಪ್ರಯೋಗವಲ್ಲ'. ಮಾಹಿತಿಗೇನೂ ಬರವಿಲ್ಲ. ತೊಡಕು ಇರುವುದು ಪದಗಳಲ್ಲಿ. ಮಕ್ಕಳು ಪತ್ರಿಕೆಯಲ್ಲಿ ಓದಿದ ಪದವನ್ನೇ ಎತ್ತಿಕೊಂಡು ಬರುತ್ತಾರೆ. ಆ ಪದವೇ ಅವರ ವಾದವನ್ನು ಎಲ್ಲಿಗೋ ಎಳೆದುಕೊಂಡು ಹೋಗುತ್ತದೆ.

'ಅಣು' ಸರಿಯೋ 'ಪರಮಾಣು' ಸರಿಯೋ ಎಂಬ ಹಳೇ ಜಗಳ ಇಲ್ಲಿ ಬೇಡ. ವಿಜ್ಞಾನದ ಪಠ್ಯದಲ್ಲಿ ಅಣು ಅಂದರೆ ಮಾಲಿಕ್ಯೂಲ್, ಹಾಗಾಗಿ ಅಣುಬಾಂಬ್ ಅನ್ನುವುದು ತಪ್ಪು ಎಂಬ ವಾದ ಗೊತ್ತು. ಜನ ಅಣುಬಾಂಬ್ ಅಂತಲೇ ಅನ್ನುತ್ತಾರೆ, ಅಷ್ಟೇ. 'ಪ್ರಸರಣ'ದ ಬಗ್ಗೆಯೂ ನನಗೆ ದೊಡ್ಡ ತಕರಾರಿಲ್ಲ. ಪತ್ರಿಕೆಯ ಪ್ರತಿಗಳ ಲೆಕ್ಕ ನೆನಪಿಗೆ ಬರುತ್ತದೆ ನಿಜ. 'ಹರಡದಂತೆ ತಡೆಯುವುದು' ಎಂದು ಬಿಡಿಸಿ ಹೇಳಿದರೆ ಮುಗಿಯಿತು.

ನನ್ನ ಮೊದಲ ಅನುಮಾನ ವಿಷಯದ ಮೇಲೆಯೇ. ನಮ್ಮ ಕಡೆ ಇಂಥ ಚರ್ಚೆ ಹೇಗೆ ಶುರುವಾಗುತ್ತದೆ ಅಂತ ನಿಮಗೂ ಗೊತ್ತು. ಪರ ಮಾತಾಡುವವರು 'ಮಾತು ಬಲ್ಲವನಿಗೆ ಜಗಳವಿಲ್ಲ' ಅನ್ನುತ್ತಾರೆ. ವಿರೋಧದವರು ಎದ್ದು 'ದಂಡಂ ದಶಗುಣಂ' ಅನ್ನುತ್ತಾರೆ. ಚಪ್ಪಾಳೆ ಬೀಳುತ್ತದೆ. ಆದರೆ ನಡೆದದ್ದನ್ನು ನೋಡಿದರೆ ಬರೀ ಮಾತಿನಿಂದ ನಿಂತದ್ದೂ ಕಡಿಮೆ, ಬರೀ ಬಾಂಬಿನಿಂದ ನಿಂತದ್ದೂ ಕಡಿಮೆ. ಕೆಲಸ ನಡೆದಿರುವುದು ಇವೆರಡರ ನಡುವೆ. ಒಪ್ಪಂದ, ತಪಾಸಣೆ, ನಿರ್ಬಂಧ, ಒತ್ತಡ. ಈ ನಡುವಿನ ಜಾಗಕ್ಕೆ ನಾವು ಬಳಸುವ ಕನ್ನಡ ಪದಗಳೇ ತುಂಬಾ ಮಸುಕಾಗಿವೆ ಅಂತ ನನ್ನ ಅನಿಸಿಕೆ.

'ರಾಜತಾಂತ್ರಿಕತೆ'ಯನ್ನು ಬೇಗ ಮುಗಿಸುತ್ತೇನೆ. ಪದ ನಿಂತುಬಿಟ್ಟಿದೆ, ಕದಲಿಸಲು ಆಗುವುದಿಲ್ಲ. ಆದರೆ ಅದರಲ್ಲಿ 'ತಂತ್ರ' ಇರುವುದರಿಂದ ಸ್ವಲ್ಪ ಕುತಂತ್ರದ ವಾಸನೆ ಬರುತ್ತದೆ. 'ಮಾತುಕತೆ' ಹಗುರವಾಯಿತು. ನಮ್ಮ ಹಳ್ಳಿಗಳಲ್ಲಿ 'ಮಾತುಕತಿ ಆತು' ಅಂದರೆ ಮದುವೆ ಮಾತು ಮುಗಿಯಿತು ಅಂತಲೇ ಅರ್ಥ. ಉಳಿದದ್ದು 'ಸಂಧಾನ'. ನನಗೆ ಇದೇ ಇಷ್ಟ. ಒಂದೇ ಅಡ್ಡಿ, ಬಯಲಾಟ ನೋಡಿ ಬೆಳೆದವರಿಗೆ ಸಂಧಾನ ಅಂದರೆ ಕೃಷ್ಣ ಸಂಧಾನ. ಅದು ಮುರಿದು ಯುದ್ಧವಾಗುವುದು ಎಲ್ಲರಿಗೂ ಮೊದಲೇ ಗೊತ್ತು. ಇನ್ನೊಂದು ಸ್ವಾರಸ್ಯ: ಬಿಲ್ಲಿಗೆ ಬಾಣ ಹೂಡುವುದೂ ಸಂಧಾನವೇ, ಶರಸಂಧಾನ. ಎರಡಕ್ಕೂ ಮೂಲ ಅರ್ಥ ಕೂಡಿಸುವುದು. ಸ್ಪರ್ಧೆಯಲ್ಲಿ ಯಾರಾದರೂ ಇದನ್ನು ಹಿಡಿದುಕೊಂಡರೆ ಬಹುಮಾನ ಗ್ಯಾರಂಟಿ.

ಈಗ 'ನಿರ್ಬಂಧ' ಮತ್ತು 'ದಿಗ್ಬಂಧನ'. ಇವೆರಡನ್ನೂ ಒಂದೇ ಅರ್ಥದಲ್ಲಿ ಬರೆಯುತ್ತಾರೆ. 'ಇರಾನ್ ಮೇಲೆ ಆರ್ಥಿಕ ದಿಗ್ಬಂಧನ' ಅಂತ ಓದಿದ್ದೇನೆ. ನಡೆದದ್ದು ದಿಗ್ಬಂಧನವಲ್ಲ. 2006ರ ಡಿಸೆಂಬರ್‌ನಲ್ಲಿ ಭದ್ರತಾ ಮಂಡಳಿ ಹೇರಿದ್ದು ವ್ಯಾಪಾರದ ನಿರ್ಬಂಧ. ಅಣು ಮತ್ತು ಕ್ಷಿಪಣಿ ಕೆಲಸಕ್ಕೆ ಬೇಕಾದ ಸಾಮಾನು ಮಾರುವಂತಿಲ್ಲ, ಕೆಲವರ ಆಸ್ತಿ ಮುಟ್ಟುಗೋಲು, ಹೀಗೆ. ವಿಶ್ವಸಂಸ್ಥೆಯ ಸನ್ನದಿನಲ್ಲಿ ಇವೆರಡಕ್ಕೂ ಬೇರೆ ಬೇರೆ ಜಾಗವಿದೆ. ಸೇನೆ ಬಳಸದ ಕ್ರಮಗಳು 41ನೇ ವಿಧಿಯಲ್ಲಿ. ಸೇನೆ ಬಳಸುವುದು 42ನೇ ವಿಧಿಯಲ್ಲಿ, ಹಡಗು ನಿಲ್ಲಿಸಿ ದಾರಿ ಕಟ್ಟುವುದು ಅಲ್ಲಿ ಬರುತ್ತದೆ. ಅಂದರೆ ದಿಗ್ಬಂಧನ ಅಂದ ಕೂಡಲೇ ನೀವು ಬಲಪ್ರಯೋಗದ ಗೆರೆ ದಾಟಿದಿರಿ.

ಈ ಗೆರೆ ಎಷ್ಟು ಮುಖ್ಯ ಅನ್ನುವುದಕ್ಕೆ 1962ರ ಅಕ್ಟೋಬರ್ ನೋಡಬೇಕು. ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿ ಸಿಕ್ಕಿದಾಗ ಅಮೆರಿಕದ ಅಧ್ಯಕ್ಷ ಕೆನಡಿ ಹಡಗುಗಳನ್ನು ಅಡ್ಡ ನಿಲ್ಲಿಸಿದರು. ಆದರೆ ಅದನ್ನು 'ಬ್ಲಾಕೇಡ್' ಅನ್ನಲಿಲ್ಲ, 'ಕ್ವಾರಂಟೈನ್' ಅಂದರು. ಬ್ಲಾಕೇಡ್ ಅಂದರೆ ಯುದ್ಧ ಸಾರಿದಂತೆ ಆಗುತ್ತಿತ್ತು. ಪದ ಬದಲಿಸಿ ಮಾತಿಗೆ ಜಾಗ ಉಳಿಸಿಕೊಂಡರು. ಇದನ್ನು ಕನ್ನಡದಲ್ಲಿ ಹೇಳುವುದು ಹೇಗೆ? ಕೊರೊನಾ ಕಾಲದಲ್ಲಿ ಲಾಕ್‌ಡೌನ್‌ಗೇ 'ದಿಗ್ಬಂಧನ' ಅಂತ ಬರೆದು ಆ ಪದವನ್ನೂ ಖರ್ಚು ಮಾಡಿಬಿಟ್ಟಿದ್ದೇವೆ. ನಾನು ಸದ್ಯಕ್ಕೆ ಸ್ಯಾಂಕ್ಷನ್‌ಗೆ 'ನಿರ್ಬಂಧ', ಬ್ಲಾಕೇಡ್‌ಗೆ 'ದಿಗ್ಬಂಧನ' ಎಂದು ಗೆರೆ ಎಳೆದಿದ್ದೇನೆ. ಕೆನಡಿಯ ಪದಕ್ಕೆ 'ತಡೆಗಾವಲು' ಅಂದರೆ ಹೇಗೆ?

ಇನ್ನು ನನಗೆ ತಲೆನೋವಾಗಿರುವ ಪದ, 'ಸೇಫ್‌ಗಾರ್ಡ್ಸ್'. ಕನ್ನಡದಲ್ಲಿ ಇದನ್ನು 'ಸುರಕ್ಷತಾ ಕ್ರಮ' ಅಂತಲೂ 'ಸುರಕ್ಷತಾ ಒಪ್ಪಂದ' ಅಂತಲೂ ಬರೆಯುತ್ತಾರೆ. ಓದಿದವರಿಗೆ ಏನು ಅರ್ಥವಾಗಬೇಕು ಹೇಳಿ. ಸ್ಥಾವರದಿಂದ ವಿಕಿರಣ ಸೋರದಂತೆ, ಕೆಲಸಗಾರರಿಗೆ ಅಪಾಯವಾಗದಂತೆ ನೋಡಿಕೊಳ್ಳುವುದು ಅಂತಲೇ ಅಲ್ವಾ? ಅದು ಸೇಫ್ಟಿ, ಬೇರೆ ವಿಷಯ. ಸೇಫ್‌ಗಾರ್ಡ್ಸ್ ಅಂದರೆ ಲೆಕ್ಕ. ವಿಯೆನ್ನಾದ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ 1957ರಲ್ಲಿ ಶುರುವಾಯಿತು. ಅದರ ತಪಾಸಕರು ಬಂದು ಯುರೇನಿಯಂ, ಪ್ಲುಟೋನಿಯಂ ಎಷ್ಟು ಬಂತು, ಎಷ್ಟು ಖರ್ಚಾಯಿತು, ಎಷ್ಟು ಉಳಿದಿದೆ ಅಂತ ಪುಸ್ತಕಕ್ಕೂ ದಾಸ್ತಾನಿಗೂ ಹೊಂದಿಸಿ ನೋಡುತ್ತಾರೆ. ಮೊಹರು ಹಾಕುತ್ತಾರೆ. ಕ್ಯಾಮೆರಾ ಇಡುತ್ತಾರೆ. ಬಾಂಬಿನ ಕಡೆಗೆ ಒಂದಿಷ್ಟೂ ಸರಿದಿಲ್ಲ ಅಂತ ಖಚಿತ ಮಾಡಿಕೊಳ್ಳುವುದು ಅವರ ಕೆಲಸ.

ಈ ಗೊಂದಲ ನಮ್ಮ ಭಾಗದಲ್ಲಿ ಸುಮ್ನೆ ಪುಸ್ತಕದ ಮಾತಲ್ಲ. ಪಕ್ಕದ ಕೊಪ್ಪಳ ಜಿಲ್ಲೆಯಲ್ಲಿ ಅಣು ವಿದ್ಯುತ್ ಸ್ಥಾವರಕ್ಕೆ ಜಾಗ ನೋಡುತ್ತಿದ್ದಾರೆ ಎಂಬ ಸುದ್ದಿ ಬಂದಾಗಿನಿಂದ ಎಲ್ಲರ ಬಾಯಲ್ಲೂ 'ಸುರಕ್ಷತೆ' ಇದೆ. ಅತ್ತ ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಯುರೇನಿಯಂ ಗಣಿ ಬೇಡ ಅಂತ ಜನ ಹೇಳುತ್ತಾ ಬಂದದ್ದೂ ಸುರಕ್ಷತೆಯ ಮಾತೇ. ಇಂಥ ಊರಿನ ಹುಡುಗಿಯೊಬ್ಬಳು ಈಗ ಹೀಗೊಂದು ವಾಕ್ಯ ಓದುತ್ತಾಳೆ ಅಂದುಕೊಳ್ಳಿ: 'ತಾರಾಪುರದ 1 ಮತ್ತು 2ನೇ ಘಟಕಗಳು ಅಂತರರಾಷ್ಟ್ರೀಯ ಸುರಕ್ಷತಾ ವ್ಯವಸ್ಥೆಗೆ ಒಳಪಟ್ಟಿವೆ, ಕೈಗಾ ಘಟಕಗಳು ಒಳಪಟ್ಟಿಲ್ಲ.' ಅಕ್ಷರಶಃ ನಿಜ. ಅವಳಿಗೆ ಮಾತ್ರ ಕೈಗಾ ಅಪಾಯದಲ್ಲಿದೆ ಎಂದೇ ಅನಿಸುತ್ತದೆ. ಅಲ್ಲಿರುವ ವಿಷಯ ಇಷ್ಟೇ, ಅಮೆರಿಕದ ಜೊತೆಗಿನ ಅಣು ಒಪ್ಪಂದದ ಹೊತ್ತಿಗೆ ಭಾರತ ತನ್ನ ಸ್ಥಾವರಗಳನ್ನು ಎರಡು ಪಟ್ಟಿ ಮಾಡಿತು. ಕೈಗಾ ಘಟಕಗಳನ್ನು ಹೊರಗಿನವರ ಲೆಕ್ಕ ತಪಾಸಣೆಯಿಂದ ಆಚೆ ಇಟ್ಟುಕೊಂಡಿತು.

ನನ್ನ ಸಲಹೆ 'ತಾಳೆ'. ಗಂಜ್‌ನ ಗೋದಾಮಿನಿಂದ ಹಿಡಿದು ಬ್ಯಾಂಕಿನವರೆಗೆ ಎಲ್ಲರೂ ಬಳಸುವ ಪದ. ದಾಸ್ತಾನು ತಾಳೆಯಾಗಲಿಲ್ಲ ಅಂದರೆ ಏನೋ ಎಡವಟ್ಟಾಗಿದೆ ಅಂತ ಯಾರಿಗಾದರೂ ಗೊತ್ತಾಗುತ್ತದೆ. 'ತಾಳೆ ತಪಾಸಣೆ' ಅಂದರೆ ಸೇಫ್‌ಗಾರ್ಡ್ಸ್ ಕೆಲಸ ಪೂರ್ತಿ ಬರುತ್ತದೆ, ಸೇಫ್ಟಿ ಜೊತೆ ಬೆರೆಯುವುದಿಲ್ಲ. 'ಸುರಕ್ಷತೆ'ಯನ್ನು ಸೇಫ್ಟಿಗೇ ಬಿಟ್ಟುಕೊಡೋಣ. 'ತಾಳೆ ಅಂದರೆ ಮರ, ಓಲೆ' ಅಂತ ತಕರಾರು ಬರಬಹುದು. ಆ ತಕರಾರು ನನಗೆ ಅಷ್ಟು ದೊಡ್ಡದಾಗಿ ಕಾಣುವುದಿಲ್ಲ.

ಈ ಪದ ಸಿಕ್ಕಮೇಲೆ ಇರಾನ್ ಕಥೆಯನ್ನು ಹೇಳುವುದು ನನಗೆ ಎಷ್ಟೋ ಸಲೀಸಾಯಿತು. 2015ರ ಜುಲೈ 14ರ ಒಪ್ಪಂದದಲ್ಲಿ ಇರಾನ್ ಯುರೇನಿಯಂನ ಸಾರ ಹೆಚ್ಚಿಸುವುದರಲ್ಲಿ ಶೇ 3.67 ದಾಟುವುದಿಲ್ಲ, ಅಂಥ ಯುರೇನಿಯಂ 300 ಕೆ.ಜಿ.ಗಿಂತ ಜಾಸ್ತಿ ಇಟ್ಟುಕೊಳ್ಳುವುದಿಲ್ಲ ಎಂದು ಒಪ್ಪಿತು. ತಪಾಸಕರು ತಾಳೆ ನೋಡುತ್ತಿದ್ದರು, ತಾಳೆಯಾಗುತ್ತಿತ್ತು. 2018ರ ಮೇನಲ್ಲಿ ಅಮೆರಿಕ ಹೊರಗೆ ಹೋಯಿತು. ಮರುವರ್ಷದಿಂದ ಇರಾನ್ ಮಿತಿ ದಾಟತೊಡಗಿತು. 2021ರಲ್ಲಿ ಶೇ 60 ಮುಟ್ಟಿತು. 2025ರ ಜೂನ್‌ನಲ್ಲಿ ಇಸ್ರೇಲ್, ಆಮೇಲೆ ಅಮೆರಿಕ ದಾಳಿ ಮಾಡಿದವು. ನತಾನ್ಜ್, ಫೋರ್ಡೋ, ಇಸ್ಫಹಾನ್‌ಗಳ ಅಣು ನೆಲೆಗಳಿಗೆ ಪೆಟ್ಟು ಬಿತ್ತು, ಅದು ನಿಜ. ಆದರೆ ದಾಳಿಗೆ ಮುಂಚೆ ಸಂಸ್ಥೆಯ ಲೆಕ್ಕದಲ್ಲಿದ್ದ ಸುಮಾರು 440 ಕೆ.ಜಿ. ಶೇ 60ರ ಯುರೇನಿಯಂ ಆಮೇಲೆ ಎಲ್ಲಿದೆ ಅಂತ ತಾಳೆ ನೋಡಲು ತಪಾಸಕರಿಗೆ ಆಗಲಿಲ್ಲ. ಬಾಂಬ್ ಯಂತ್ರವನ್ನು ಒಡೆಯಿತು, ಲೆಕ್ಕವನ್ನೂ ಕೆಡಿಸಿತು. ಬಲಪ್ರಯೋಗದ ಪರ ಮಾತಾಡುವವರು ಉತ್ತರಿಸಬೇಕಾದ ಪ್ರಶ್ನೆ ಇದು ಅಂತ ನಾನು ಟಿಪ್ಪಣಿಯಲ್ಲಿ ಬರೆದಿದ್ದೇನೆ.

ಇಲ್ಲೇ 'ಶೇ 60' ಬಗ್ಗೆ ಒಂದು ಮಾತು. 'ಶೇ 60 ಸಮೃದ್ಧ ಯುರೇನಿಯಂ' ಅಂದರೆ ಬೇಕಾದಷ್ಟು ಯುರೇನಿಯಂ ಇದೆ ಅಂತ ಮಕ್ಕಳು ತಿಳಿಯುತ್ತಾರೆ. 'ಪುಷ್ಟೀಕರಿಸಿದ' ಅಂದರೆ ಟಾನಿಕ್ ನೆನಪಾಗುತ್ತದೆ. 'ಸಂವರ್ಧಿತ' ಪರವಾಗಿಲ್ಲ. ನೆಲದಿಂದ ತೆಗೆದ ಯುರೇನಿಯಂನಲ್ಲಿ ಕೆಲಸಕ್ಕೆ ಬರುವ ಯುರೇನಿಯಂ-235 ಎಂಬ ಬಗೆಯ ಪಾಲು ಶೇ 0.7 ಮಾತ್ರ. ಮಾಮೂಲಿ ವಿದ್ಯುತ್ ಸ್ಥಾವರಕ್ಕೆ ಶೇ 3ರಿಂದ 5 ಸಾಕು. ಬಾಂಬಿಗೆ ಶೇ 90ರ ಆಸುಪಾಸು. 60 ಅಂದರೆ ಮೂರರಲ್ಲಿ ಎರಡು ಪಾಲು ದಾರಿ ಆಯಿತು ಅಂತ ಲೆಕ್ಕ ಹಾಕಬಾರದು. ಹೆಚ್ಚಿನ ಶ್ರಮವೆಲ್ಲ ಮೊದಲ ಹಂತದಲ್ಲೇ ಖರ್ಚಾಗಿರುತ್ತದೆ, 60ಕ್ಕೆ ಬರುವಷ್ಟರಲ್ಲಿ ಕೆಲಸ ಬಹುತೇಕ ಮುಗಿದಿರುತ್ತದೆ. ಇದನ್ನೆಲ್ಲ ಒಂದು ಪದ ಹೇಳಲಾರದು ಬಿಡಿ. 'ಸಾರ ಹೆಚ್ಚಿಸಿದ ಯುರೇನಿಯಂ' ಅಂದರೆ ಕನಿಷ್ಠ ದಾರಿ ತಪ್ಪುವುದಿಲ್ಲ ಅನಿಸುತ್ತದೆ.

ಮುಂದಿನದು 'ಮುಂಜಾಗ್ರತಾ ದಾಳಿ'. ಈ ಪದದ ಮೇಲೆ ನನಗೆ ಸಿಟ್ಟೇ ಇದೆ. ಮುಂಜಾಗ್ರತೆ ಒಳ್ಳೆಯ ಗುಣ. ಯಾರು ಬೇಡ ಅನ್ನುತ್ತಾರೆ? ದಾಳಿಯ ಹಿಂದೆ ಅದನ್ನು ಅಂಟಿಸಿದ ಕೂಡಲೇ ತೀರ್ಪು ಬರೆದಂತಾಯಿತು. 1981ರ ಜೂನ್ 7ರಂದು ಇಸ್ರೇಲ್ ವಿಮಾನಗಳು ಇರಾಕಿನ ಒಸಿರಾಕ್ ಸ್ಥಾವರವನ್ನು ಒಡೆದವು. ಇರಾಕ್ ಆಗ ಅಣ್ವಸ್ತ್ರ ತಡೆ ಒಪ್ಪಂದದ ಸದಸ್ಯ ದೇಶ. ಆ ಸ್ಥಾವರದಲ್ಲಿ ತಪಾಸಣೆಯೂ ಇತ್ತು. ಭದ್ರತಾ ಮಂಡಳಿ 487ನೇ ನಿರ್ಣಯದಲ್ಲಿ ದಾಳಿಯನ್ನು ಬಲವಾಗಿ ಖಂಡಿಸಿತು. ಆಮೇಲೆ ಸದ್ದಾಂ ಕೆಲಸ ಬಿಡಲಿಲ್ಲ, ಗುಟ್ಟಾಗಿ ಮುಂದುವರಿಸಿದ. 1991ರ ಯುದ್ಧದ ನಂತರ ತಪಾಸಕರು ಹೋಗಿ ಅದನ್ನು ಒಂದೊಂದಾಗಿ ಕಳಚಿಹಾಕಿದರು. 2003ರಲ್ಲಿ ಅಣ್ವಸ್ತ್ರದ ಹೆಸರು ಹೇಳಿ ಮತ್ತೆ ಯುದ್ಧ ಮಾಡಿದಾಗ ಸಿಕ್ಕಿದ್ದು ಏನೂ ಇಲ್ಲ.

ವಿರೋಧದವರಿಗೂ ಅವರ ಪಾಲಿನ ನ್ಯಾಯ ಸಲ್ಲಬೇಕು. 2007ರ ಸೆಪ್ಟೆಂಬರ್‌ನಲ್ಲಿ ಸಿರಿಯಾದ ಅಲ್ ಕಿಬರ್ ಸ್ಥಾವರ ಒಡೆದ ಮೇಲೆ ಅದು ಮತ್ತೆ ಏಳಲಿಲ್ಲ. ಉತ್ತರ ಕೊರಿಯಾ ಜೊತೆ 1994ರಲ್ಲಿ ಮಾತಾಡಿ ಒಪ್ಪಂದ ಮಾಡಿಕೊಂಡರು. ಯೋಂಗ್‌ಬ್ಯೋನ್ ಸ್ಥಾವರ ಕೆಲವು ವರ್ಷ ನಿಂತಿತು. ಆದರೂ 2006ರ ಅಕ್ಟೋಬರ್ 9ರಂದು ಬಾಂಬ್ ಸಿಡಿಯಿತು. ಈ ಉದಾಹರಣೆಗಳನ್ನೂ ಟಿಪ್ಪಣಿಗೆ ಹಾಕಿದ್ದೇನೆ.

ಪದದ ಪ್ರಶ್ನೆ ಇದು: ಎದುರಾಳಿ ಕೈ ಎತ್ತಿಯೇಬಿಟ್ಟಾಗ ಮೊದಲು ಹೊಡೆಯುವುದು ಬೇರೆ. ಮುಂದೆಂದೋ ಎತ್ತಬಹುದು ಅಂತ ಈಗಲೇ ಹೊಡೆಯುವುದು ಬೇರೆ. ಇಂಗ್ಲಿಷಿನಲ್ಲಿ ಪ್ರೀಎಂಪ್ಟಿವ್, ಪ್ರಿವೆಂಟಿವ್ ಅಂತ ಎರಡು ಪದಗಳಿವೆ. ಕನ್ನಡದಲ್ಲಿ ಎರಡಕ್ಕೂ ಒಂದೇ 'ಮುಂಜಾಗ್ರತೆ'. ಮೊದಲನೆಯದಕ್ಕೆ 'ಮೊದಲೇಟು' ಅನ್ನೋಣವೇ? ಎರಡನೆಯದಕ್ಕೆ ನನಗೆ ಏನೂ ಹೊಳೆದಿಲ್ಲ. 'ಶಂಕೆಯ ದಾಳಿ' ಅಂದರೆ ಅದೂ ಇನ್ನೊಂದು ಕಡೆಗೆ ತೀರ್ಪು ಬರೆದಂತೆ.

'ಒಪ್ಪಂದ ಮುರಿದುಬಿತ್ತು' ಎಂಬ ಬಳಕೆಯನ್ನೂ ಗಮನಿಸಿ. ತಾನೇ ಬಿತ್ತು ಅನ್ನುವ ಹಾಗೆ. ಯಾರು ಹೊರಗೆ ಹೋದರು ಅನ್ನುವುದೇ ಮಾಯ. ಕರ್ತೃವನ್ನು ಇಟ್ಟು ಬರೆಯಿರಿ ಅಂತ ಮಕ್ಕಳಿಗೆ ಹೇಳಿದ್ದೇನೆ.

ಕೊನೆಯದು 'ಭರವಸೆ' ಮತ್ತು 'ಖಾತ್ರಿ'. ಸೋವಿಯತ್ ಒಕ್ಕೂಟ ಒಡೆದಾಗ ಉಕ್ರೇನಿನ ನೆಲದಲ್ಲಿ ಸಾವಿರಾರು ಅಣ್ವಸ್ತ್ರಗಳು ಉಳಿದವು. 1994ರ ಡಿಸೆಂಬರ್ 5ರಂದು ಬುಡಾಪೆಸ್ಟ್‌ನಲ್ಲಿ ರಷ್ಯಾ, ಅಮೆರಿಕ, ಬ್ರಿಟನ್ ಸಹಿ ಹಾಕಿ ಉಕ್ರೇನಿನ ಗಡಿಯನ್ನು ಗೌರವಿಸುತ್ತೇವೆ ಎಂದವು. 1996ರ ಹೊತ್ತಿಗೆ ಅಸ್ತ್ರಗಳೆಲ್ಲ ರಷ್ಯಾಕ್ಕೆ ಹೋದವು. ಆ ಕಾಗದದ ಇಂಗ್ಲಿಷ್ ಪಠ್ಯದಲ್ಲಿ ಇರುವುದು 'ಅಶ್ಯೂರೆನ್ಸ್', 'ಗ್ಯಾರಂಟಿ' ಅಲ್ಲ. 2014ರಲ್ಲಿ, ಮತ್ತೆ 2022ರಲ್ಲಿ ರಷ್ಯಾ ಉಕ್ರೇನಿಗೆ ನುಗ್ಗಿದಾಗ ಆ ವ್ಯತ್ಯಾಸದ ಬೆಲೆ ಗೊತ್ತಾಯಿತು. ನಮ್ಮ ಪತ್ರಿಕೆಗಳು 'ಭದ್ರತಾ ಖಾತರಿ' ಅಂತಲೇ ಬರೆಯುತ್ತವೆ. ಅದು ತಪ್ಪು. ಖಾತ್ರಿ ಅಂದರೆ ಏನೆಂದು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಉದ್ಯೋಗ ಖಾತ್ರಿಯಲ್ಲಿ ಅರ್ಜಿ ಹಾಕಿದರೆ ಕೆಲಸ ಕೊಡಬೇಕು, ಕೊಡದಿದ್ದರೆ ಭತ್ಯೆ ಕೊಡಬೇಕು ಅಂತ ಕಾನೂನಿತ್ತು. ಬುಡಾಪೆಸ್ಟ್‌ನಲ್ಲಿ ಕೊಟ್ಟದ್ದು ಭರವಸೆ. ರಾಜತಾಂತ್ರಿಕತೆಯ ಪರ ಮಾತಾಡುವವರು ಇದಕ್ಕೆ ಉತ್ತರ ಇಟ್ಟುಕೊಂಡೇ ವೇದಿಕೆ ಹತ್ತಬೇಕು.

ಲಿಬಿಯಾ ವಿಷಯದಲ್ಲೂ ಇದೇ ರೀತಿ ಪದ ಜಾರುತ್ತದೆ. 2003ರಲ್ಲಿ 'ಅಣ್ವಸ್ತ್ರ ಬಿಟ್ಟುಕೊಟ್ಟಿತು' ಅಂತ ಬರೆಯುತ್ತಾರೆ. ಅದರ ಹತ್ತಿರ ಅಸ್ತ್ರವೇ ಇರಲಿಲ್ಲ, ಬಿಟ್ಟದ್ದು ಯೋಜನೆ ಮತ್ತು ಯಂತ್ರ. ನಿಜವಾಗಿ ತಾನೇ ಮಾಡಿದ ಬಾಂಬುಗಳನ್ನು ಕಳಚಿದ ದೇಶ ದಕ್ಷಿಣ ಆಫ್ರಿಕಾ. ಆರು ಬಾಂಬ್ ಇದ್ದವು, ಕಳಚಿದ್ದೇವೆ ಅಂತ 1993ರಲ್ಲಿ ಹೇಳಿತು.

ಹಾಗಾಗಿ ಬಳಗದವರಿಂದ ನನಗೆ ಬೇಕಾದದ್ದು ಮೂರು ಉತ್ತರ. 'ತಾಳೆ ತಪಾಸಣೆ' ನಿಮ್ಮ ಕಿವಿಗೆ ಒಪ್ಪುತ್ತದೆಯೇ? ಪ್ರಿವೆಂಟಿವ್ ದಾಳಿಗೆ ಪಕ್ಷವಹಿಸದ ಪದ ಯಾವುದು? ಮಾತಿಗಿಂತ ಬಿಗಿ, ಹೊಡೆತಕ್ಕಿಂತ ಕಡಿಮೆ, ಆ ನಡುವಿನ ಒತ್ತಡಕ್ಕೆ ನಿಮ್ಮ ಊರಲ್ಲಿ ಏನನ್ನುತ್ತಾರೆ? ಇಲ್ಲಿ 'ಬಿಗಿ ಮಾಡು' ಅನ್ನುತ್ತೇವೆ, ಅದನ್ನು ನಾಮಪದ ಮಾಡಲು ಬರುತ್ತಿಲ್ಲ. 'ಜಬರ್ದಸ್ತಿ' ಅಂತ ಯಾರೂ ಸೂಚಿಸಬೇಡಿ, ಅದು ಬಲಪ್ರಯೋಗದ ಕಡೆಗೇ ಹೋಯಿತು. ಟಿಪ್ಪಣಿ ಮುಂದಿನ ವಾರ ಜೆರಾಕ್ಸ್‌ಗೆ ಹೋಗುತ್ತದೆ, ಅದಕ್ಕೆ ಮುಂಚೆ ಹೇಳಿದರೆ ತಿದ್ದಿಕೊಳ್ಳುತ್ತೇನೆ.