ದೊಡ್ಡ ಮಕ್ಕಳಿಗೆ ಮನೆಯಲ್ಲೇ ಕ್ರೈಸ್ತ ಕ್ಲಾಸಿಕಲ್ ಪಾಠ: ನಡುವೆ ಸೇರಿದರೆ ಎಲ್ಲಿಂದ ಶುರು ಮಾಡೋದು?

ಬೆಳಗಾವಿಯಿಂದ ಒಬ್ಬ ತಾಯಿ ಕೇಳಿದ್ದು:
ಎಲ್ಲರಿಗೂ ವಂದನೆಗಳು. ಮಗಳಿಗೆ 14, ಮಗನಿಗೆ 12. ಇಲ್ಲಿತನಕ ಕನ್ನಡ ಮಾಧ್ಯಮದ ಶಾಲೆ. ಜೂನ್‌ನಿಂದ ಮನೆಯಲ್ಲೇ ಕ್ರೈಸ್ತ ಕ್ಲಾಸಿಕಲ್ ಪದ್ಧತಿಯಲ್ಲಿ, ಅಂದರೆ ಹಳೆಯ ಗ್ರೀಕ್-ರೋಮನ್ ಪಾಠಕ್ರಮವನ್ನ ಬೈಬಲ್ ಜೊತೆ ಸೇರಿಸಿ, ಕಲಿಸಬೇಕಂತ ಮಾಡೀವಿ. ವ್ಯಾಕರಣ, ತರ್ಕ, ವಾಗ್ಮಿತೆ ಅಂತ ಮೂರು ಹಂತ ಇರ್ತಾವಂತ. ಸಣ್ಣಂದಿನಿಂದ ಮಾಡದ ಮಕ್ಕಳು ನಡುವೆ ಸೇರಬಹುದಾ? ಲ್ಯಾಟಿನ್ ಬೇಕೇ ಬೇಕಾ? ಹತ್ತನೇ ಪರೀಕ್ಷೆ ಹೆಂಗ? ಗೊತ್ತಿದ್ದವರು ಹೇಳ್ರಿ.

ಗೋಕಾಕದಿಂದ:
ಅಕ್ಕಾರ, ಸೇರಬಹುದು. ಆ ಮೂರೂ ಮೂಲದಲ್ಲಿ ವಯಸ್ಸಿನ ಮೆಟ್ಟಿಲಲ್ಲ, ಮೂರು ವಿದ್ಯೆಗಳು. ಅವನ್ನು ಮಕ್ಕಳ ವಯಸ್ಸಿಗೆ ಜೋಡಿಸಿದ ಮಾತು ಹರಡಿದ್ದು 1947ರಲ್ಲಿ ಇಂಗ್ಲಿಷ್ ಲೇಖಕಿ ಡೊರೊಥಿ ಸೇಯರ್ಸ್ ಆಕ್ಸ್‌ಫರ್ಡ್‌ನಲ್ಲಿ ಮಾಡಿದ ಭಾಷಣದಿಂದ. 14ಕ್ಕೆ ವ್ಯಾಕರಣದ ಕಾಲ ಮುಗಿದಿರೋದಿಲ್ಲ.

ಮೊದಲ ಹತ್ತು-ಹನ್ನೆರಡು ವಾರ ಅಡಿಪಾಯಕ್ಕೇ ಇಡ್ರಿ. ದಿನಕ್ಕೆ ಸತ್ಯವೇದದ (ಬೈಬಲ್‌ನ) ಒಂದು ವಚನ: ಕರ್ತೃ, ಕರ್ಮ, ಕ್ರಿಯಾಪದ, ಪ್ರತಿ ನಾಮಪದದ ವಿಭಕ್ತಿ ಬಿಡಿಸಿ ಬರೀಬೇಕು. 20 ನಿಮಿಷ ಸಾಕು. ಆಮೇಲೆ ಪುಸ್ತಕ ಮುಚ್ಚಿ, ಆ ಭಾಗವನ್ನ ತಮ್ಮ ಮಾತಿನಲ್ಲಿ ಐದಾರು ವಾಕ್ಯ. ಶಾಲೆಯಿಂದ ಬಂದ ಮಕ್ಕಳು ಇಲ್ಲಿ ತಡವರಿಸ್ತಾರೆ. ಗೈಡ್ ನೋಡಿ ಉತ್ತರ ಬರೆದ ರೂಢಿ ಇರೋದರಿಂದ ವಚನವನ್ನೇ ಬಾಯಿಪಾಠ ಒಪ್ಪಿಸ್ತಾರೆ. ಬೈಯಬ್ಯಾಡ್ರಿ. "ಇದಕ್ಕೂ ಮುಂಚೆ ಏನಾಗಿತ್ತು, ಯಾರು ಯಾರಿಗೆ ಹೇಳಿದರು" ಅಂತ ಕೇಳ್ರಿ, ತಮ್ಮ ಮಾತು ತಾನೇ ಹೊರಬೀಳ್ತದ.

ಸತ್ಯವೇದ, ಇತಿಹಾಸ, ಲ್ಯಾಟಿನ್ ಇಬ್ಬರಿಗೂ ಒಟ್ಟಿಗೆ ಮಾಡ್ರಿ. ಗಣಿತ ಮಾತ್ರ ಬೇರೆ ಬೇರೆ. ಮಗನಿಗೆ ತರ್ಕ ಒಂದು ವರ್ಷ ತಡವಾದರೂ ನಡೀತದ.

ಬಾಗಲಕೋಟೆಯಿಂದ, ಲ್ಯಾಟಿನ್ ಕಲಿಸುವವರು:
ಕನ್ನಡ ಮಾಧ್ಯಮ ಅಂತ ಅಳುಕಬೇಡಿ. ಇಂಗ್ಲಿಷ್ ಮಕ್ಕಳಿಗೆ ಲ್ಯಾಟಿನ್‌ನಲ್ಲಿ ಕಬ್ಬಿಣದ ಕಡಲೆ ಆಗೋದು ವಿಭಕ್ತಿ. ನಮ್ಮ ಮಕ್ಕಳು 'ಉ, ಅನ್ನು, ಇಂದ, ಗೆ' ಹೇಳಿಕೊಂಡೇ ಬೆಳೆದಿರ್ತಾರೆ. 'ಪುಎಲ್ಲ ರೊಸಮ್ ಅಮತ್' ಅಂದರೆ ಹುಡುಗಿ ಗುಲಾಬಿಯನ್ನು ಪ್ರೀತಿಸುತ್ತಾಳೆ. 'ರೊಸಮ್ ಪುಎಲ್ಲ ಅಮತ್' ಅಂದರೂ ಅರ್ಥ ಅದೇ, 'ಗುಲಾಬಿಯನ್ನು ಹುಡುಗಿ' ಅಂದ ಹಾಗೆ. ಕೊನೆಯ 'ಅಮ್' ನಮ್ಮ 'ಅನ್ನು' ಮಾಡುವ ಕೆಲಸವನ್ನೇ ಮಾಡ್ತದೆ.

ಆದರೆ ಕನ್ನಡದ ಮಕ್ಕಳು ಮೂರು ಕಡೆ ಬೀಳ್ತಾರೆ. ಒಂದು, ಲಿಂಗ. ನಮ್ಮಲ್ಲಿ ಲಿಂಗ ಅರ್ಥದ ಮೇಲೆ ನಿಲ್ತದೆ. ಅಲ್ಲಿ ಮೇಜೂ (ಮೆನ್ಸ) ಸ್ತ್ರೀಲಿಂಗ. ಪದ ಬರೆದುಕೊಳ್ಳುವಾಗಲೇ ಲಿಂಗ ಸೇರಿಸಿ ಬರೆಸಬೇಕು, ಆಮೇಲೆ ಅಂದರೆ ಆಗೋದಿಲ್ಲ. ಎರಡು, ಗುಣವಾಚಕ. 'ಒಳ್ಳೆಯ ರೈತ, ಒಳ್ಳೆಯ ಹುಡುಗಿ' ಎರಡರಲ್ಲೂ 'ಒಳ್ಳೆಯ' ಬದಲಾಗೋದಿಲ್ಲ. ಲ್ಯಾಟಿನ್‌ನಲ್ಲಿ 'ಅಗ್ರಿಕೊಲ ಬೊನುಸ್', ಆದರೆ 'ಪುಎಲ್ಲ ಬೊನ'. ಮೂರನೆಯದು ಅಬ್ಲೇಟಿವ್ ಅನ್ನೋ ಲ್ಯಾಟಿನ್ ವಿಭಕ್ತಿ: ಒಂದೇ ರೂಪ ನಮ್ಮ ತೃತೀಯಾ, ಪಂಚಮೀ, ಸಪ್ತಮೀ ಮೂರರ ಕೆಲಸವನ್ನೂ ಹೊರ್ತದೆ. 'ಇಂದ' ಅಂತ ಒಂದೇ ಅರ್ಥ ಬಾಯಿಪಾಠ ಮಾಡಿಸಿದರೆ ಮುಂದೆ 'ಅಲ್ಲಿ' ಬಂದಾಗ ಮಗು ದಾರಿ ತಪ್ತದೆ.

ದಿನಕ್ಕೆ 30 ನಿಮಿಷ, ವಾರಕ್ಕೆ ಐದು ದಿನ, ವಾರಕ್ಕೆ 10–12 ಹೊಸ ಪದ. ಅರ್ಥ ಕನ್ನಡದಲ್ಲೇ ಬರೆಸಿ. ಉಚ್ಚಾರಣೆ ಚರ್ಚಿನದೋ ಪ್ರಾಚೀನ ರೋಮಿನದೋ, ಮೊದಲ ದಿನವೇ ಒಂದನ್ನು ಹಿಡೀರಿ. 'ಆಕಾಶ' ಒಂದರಲ್ಲಿ ಚೇಲುಮ್, ಇನ್ನೊಂದರಲ್ಲಿ ಕೈಲುಮ್. ದೊಡ್ಡವರೊಬ್ಬರು ಜೊತೆಗೆ ಕೂತು ಕಲಿಯೋಕೆ ಆಗದಿದ್ದರೆ ಲ್ಯಾಟಿನ್ ಈ ವರ್ಷ ಬಿಡಿ, ಇಂಗ್ಲಿಷ್ ಗಟ್ಟಿ ಮಾಡಿ. ಹೆಚ್ಚಿನ ಪಠ್ಯಗಳು ಇಂಗ್ಲಿಷ್‌ನಲ್ಲೇ ಇವೆ.

ವಿಜಯಪುರದಿಂದ:
ತರ್ಕಕ್ಕೆ ಪುಸ್ತಕ ಕೊಳ್ಳುವ ಮೊದಲು ಬೈಬಲ್‌ನಲ್ಲಿ ಅಪೊಸ್ತಲ ಪೌಲನ ಪತ್ರ 1 ಕೊರಿಂಥದ 15ನೇ ಅಧ್ಯಾಯ ತೆಗೀರಿ. 13ನೇ ವಚನ: ಸತ್ತವರಿಗೆ ಪುನರುತ್ಥಾನ ಇಲ್ಲದಿದ್ದರೆ ಕ್ರಿಸ್ತನೂ ಎದ್ದುಬರಲಿಲ್ಲ. 20ನೇ ವಚನ: ಆದರೆ ಕ್ರಿಸ್ತನು ಎದ್ದಿದ್ದಾನೆ. 'ಅ ಇದ್ದರೆ ಆ; ಆ ಸುಳ್ಳು; ಆದ್ದರಿಂದ ಅ ಸುಳ್ಳು' ಅನ್ನೋ ರೂಪ ಮಗಳೇ ಹುಡುಕಿ ಬರೀಲಿ. ಆಮೇಲೆ ತಪ್ಪು ತರ್ಕ ಕೊಡ್ರಿ: "ಕ್ರೈಸ್ತರೆಲ್ಲ ಪ್ರಾರ್ಥಿಸುತ್ತಾರೆ, ಇವನು ಪ್ರಾರ್ಥಿಸುತ್ತಾನೆ, ಆದ್ದರಿಂದ ಇವನು ಕ್ರೈಸ್ತ." ಇದರಲ್ಲಿ ಎಲ್ಲಿ ಬಿರುಕು ಅಂತ ವೃತ್ತ ಬರೆದು ತೋರಿಸಬೇಕು. ಬಾಯಲ್ಲಿ "ತಪ್ಪು" ಅಂದರೆ ಸಾಲದು.

ವಾಗ್ಮಿತೆಗೆ ಬೈಬಲ್‌ನ ಅಪೊಸ್ತಲರ ಕೃತ್ಯಗಳು 24ನೇ ಅಧ್ಯಾಯ. ಒಂದೇ ಅಧ್ಯಾಯದಲ್ಲಿ ರೋಮನ್ ಅಧಿಪತಿಯ ಮುಂದೆ ಪೌಲನ ವಿರುದ್ಧ ವಕೀಲ ತೆರ್ತುಲ್ಲನ ವಾದವೂ ಪೌಲನ ಉತ್ತರವೂ ಇದೆ. ಹಾಳೆ ಮಧ್ಯೆ ಗೆರೆ ಎಳೆದು ಎರಡನ್ನೂ ಎದುರುಬದುರು ಬರೆಸ್ರಿ: ಅಧಿಪತಿಯನ್ನ ಯಾರು ಎಷ್ಟು ಹೊಗಳಿದರು, ಆರೋಪ ಯಾವುದು, ಸಾಕ್ಷಿ ಯಾವುದು. ಬರವಣಿಗೆಗೆ ಹಳೆಯ ಗ್ರೀಕ್ ಅಭ್ಯಾಸಗಳು ಒಟ್ಟು 14, ಕಥೆಯಿಂದ ಶುರುವಾಗಿ ಕಾನೂನಿನ ವಾದಕ್ಕೆ ಮುಗಿಯೋದು. ಗಾದೆಯ ಅಭ್ಯಾಸ ನಮ್ಮ ಮಕ್ಕಳಿಗೆ ಸಲೀಸು. "ಕೈ ಕೆಸರಾದರೆ ಬಾಯಿ ಮೊಸರು" ತಗೊಳ್ರಿ: ಹೇಳಿದ ಹಿರಿಯರ ಹೊಗಳಿಕೆ, ಬೇರೆ ಮಾತಿನಲ್ಲಿ ಅರ್ಥ, ಕಾರಣ, ಇದಕ್ಕೆ ವಿರುದ್ಧ ನಡೆದರೆ ಏನು, ಹೋಲಿಕೆ, ಉದಾಹರಣೆ, ಹಿಂದಿನವರ ಸಾಕ್ಷ್ಯ, ಮುಕ್ತಾಯ. ಎಂಟು ಭಾಗ, ಒಂದೊಂದಕ್ಕೆ ಎರಡು-ಮೂರು ವಾಕ್ಯ. 'ವಿರುದ್ಧ' ಭಾಗವನ್ನೇ ಮಕ್ಕಳು ಹಾರಿಸ್ತಾರೆ, ಅದನ್ನ ಬಿಡಬಾರದು. ಪ್ರಶಂಸೆಯ ಅಭ್ಯಾಸಕ್ಕೆ ಐಹೊಳೆಯಲ್ಲಿ 634ರ ರವಿಕೀರ್ತಿಯ ಶಾಸನ ಇದೆ: ವಂಶ ಮೊದಲು, ಆಮೇಲೆ ಪುಲಕೇಶಿಯ ಸಾಹಸ. ಸಂಸ್ಕೃತದ್ದು, ಅನುವಾದದಲ್ಲಿ ಓದಿಸಿ, ಬಸ್ಸು ಹತ್ತಿ ಹೋಗಿ ಕಲ್ಲನ್ನೂ ತೋರಿಸ್ರಿ.

ಈ ಪದ್ಧತಿಯಲ್ಲಿ ಬರುವ ಗ್ರೀಕರ ದೇವತೆಗಳ ಕಥೆ ಮನೆಯಲ್ಲಿ ಯಾಕೆ ಅಂತ ಸಭೆಯ (ಚರ್ಚಿನ) ಹಿರಿಯರು ಕೇಳಿದರೆ ಅಪೊಸ್ತಲರ ಕೃತ್ಯಗಳು 17:28 ಮುಂದಿಡಿ. ಅಥೆನ್ಸ್‌ನಲ್ಲಿ ಪೌಲ ಅವರ ಕವಿಗಳ ಮಾತನ್ನೇ ಎತ್ತಿ ಹೇಳ್ತಾನೆ.

ಅಥಣಿಯಿಂದ:
ಗಣಿತಕ್ಕೆ ಒಂದು ಮಾತು. ಪ್ರಾಚೀನ ಗ್ರೀಕ್ ಗಣಿತಜ್ಞ ಯೂಕ್ಲಿಡ್‌ನ ರೇಖಾಗಣಿತದ ಮೊದಲ ಪುಸ್ತಕದಲ್ಲಿ 48 ಪ್ರಮೇಯ. ವಾರಕ್ಕೆ ಎರಡಾದರೆ 24 ವಾರ. ಅದು ಬೀಜಗಣಿತದ ಜಾಗದಲ್ಲಿ ಅಲ್ಲ, ಅದರ ಜೊತೆಗೆ.

ಸಂಗೀತ ಕೂಡ ಹಳೆಯ ಕ್ರಮದಲ್ಲಿ ಗಣಿತವೇ. ಹಲಗೆ ಮೇಲೆ ಎರಡು ಕುದುರೆ (ತಂತಿಯನ್ನ ಎತ್ತಿ ಹಿಡಿಯೋ ಸಣ್ಣ ಕಟ್ಟಿಗೆ) ನಿಲ್ಲಿಸಿ ಅವುಗಳ ನಡುವೆ 60 ಸೆಂ.ಮೀ. ತಂತಿ ಬಿಗೀರಿ, ನುಡಿಯೋ ತಂತಿಯ ಉದ್ದ ಬದಲಿಸೋಕೆ ನಡುವೆ ಸರಿಸುವ ಮೂರನೇ ಕುದುರೆ ಇಡ್ರಿ. ಪೂರ್ತಿ ತಂತಿ ಸ, 45ಕ್ಕೆ ಮ, 40ಕ್ಕೆ ಪ, 30ಕ್ಕೆ ಮೇಲಿನ ಸ. ಮೂರನೇ ಕುದುರೆ ಎತ್ತರವಾದರೆ ತಂತಿ ಬಿಗಿದು ಸ್ವರ ಏರ್ತದೆ, ತಂತಿಗೆ ತಾಗುವಷ್ಟೇ ಇರಲಿ. 48ಕ್ಕೆ ಬರುವ ಗ, ಹಾರ್ಮೋನಿಯಂನ ಗಕ್ಕಿಂತ ಸ್ವಲ್ಪ ತಗ್ಗು. ಯಾಕೆ ಅಂತ ಮಕ್ಕಳನ್ನೇ ಕೇಳ್ರಿ, ಒಂದು ವಾರದ ಪಾಠ ಅದರಲ್ಲೇ ಇದೆ.

ಬೆಳಗಾವಿಯಿಂದ ಇನ್ನೊಬ್ಬರು:
ಹತ್ತನೇ ಪರೀಕ್ಷೆಗೆ ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಸೆಕೆಂಡರಿ. ಕನಿಷ್ಠ ವಯಸ್ಸು 14. ಐದು ವಿಷಯ, ಅದರಲ್ಲಿ ಒಂದಾದರೂ ಭಾಷೆ, ಕನ್ನಡವೂ ಇದೆ. ನೋಂದಣಿ 5 ವರ್ಷ ನಡೀತದೆ, 9 ಅವಕಾಶ. ಪರೀಕ್ಷೆ ವರ್ಷಕ್ಕೆರಡು ಸಲ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್. ಐದನ್ನೂ ಒಂದೇ ಸಲ ಕಟ್ಟಬೇಡಿ. ಎರಡು ಮೊದಲು, ಮೂರು ಆಮೇಲೆ ಬರೆದರೆ ಲ್ಯಾಟಿನ್, ತರ್ಕ ನಿಲ್ಲೋದಿಲ್ಲ. ಟ್ಯೂಟರ್ ಅಂಕ ಹಾಕುವ ಅಸೈನ್‌ಮೆಂಟ್‌ಗೆ ಶೇ. 20 ತೂಕ ಇದೆ, ಮನೆಯಲ್ಲಿ ಓದೋರು ಅದನ್ನೇ ಮರೀತಾರೆ. ವಿಜ್ಞಾನದ ಪ್ರಾಯೋಗಿಕವನ್ನ ಅಧ್ಯಯನ ಕೇಂದ್ರದಲ್ಲಿ ಮಾಡಬೇಕು, ಕೇಂದ್ರ ಆರಿಸುವ ಮೊದಲೇ ಹೋಗಿ ಪ್ರಯೋಗಾಲಯ ನೋಡಿ ಬನ್ನಿ.

ಅರ್ಜಿಗೆ ಮುಂಚೆ ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ಟಿಸಿ ಮೂರನ್ನೂ ಪಕ್ಕಪಕ್ಕ ಇಟ್ಟು ಓದಿ. ಒಂದರಲ್ಲಿ ಅಡ್ಡಹೆಸರು, ಇನ್ನೊಂದರಲ್ಲಿ ಬರೀ ತಂದೆ ಹೆಸರು ಇರೋದು ನಮ್ಮ ಕಡೆ ಸಾಮಾನ್ಯ. ಮಗಳದನ್ನು ಈ ಏಪ್ರಿಲ್‌ನೊಳಗೇ ಸರಿ ಮಾಡಿಸಿ. ಮಗನದಕ್ಕೆ ಇನ್ನೂ ಎರಡು ವರ್ಷ ಇದೆ.