ಹಳೆಯ ಸ್ಪೀಕರ್‌ಗಳ ದುರಸ್ತಿ, ಮಾರ್ಪಾಡು ಮತ್ತು ಮರುಮಾರಾಟದ ಬೆಲೆ: ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಸರ್. ನನ್ನ ಬಳಿ 1970ರ ದಶಕದ ಟ್ಯಾನಾಯ್ ಎಚ್‌ಪಿಡಿ ಸ್ಪೀಕರ್‌ಗಳ ಒಂದು ಜೋಡಿ ಇದೆ. ಕೋನ್ (ಅದುರಿ ಸದ್ದು ಹೊಮ್ಮಿಸುವ ಶಂಕುವಿನಾಕಾರದ ಹಾಳೆ) ಸುತ್ತಲಿನ ಫೋಮ್ ಅಂಚು ಪುಡಿಯಾಗಿ ಉದುರುತ್ತಿದೆ. ಮುಂದೆ ಮಾರುವ ಯೋಚನೆಯಿದೆ. ಹೊಸ ಅಂಚು ಹಾಕಿಸಿದರೆ ಮೂಲ ಸ್ಥಿತಿ ಕೆಟ್ಟಿತೆಂದು ಬೆಲೆ ಇಳಿಯುತ್ತದೆಯೇ? ಇದ್ದ ಹಾಗೆಯೇ ಬಿಡುವುದು ಮೇಲೋ?

ಉತ್ತರ: ಅಂಚು ಹಾಕಿಸಿಯೇ ಮಾರಿ. ಆ ಕಾಲದ ಫೋಮ್ ಪಾಲಿಯುರೆಥೇನ್‌ನಿಂದ ಮಾಡಿದ್ದು. ಗಾಳಿಯ ತೇವಾಂಶವೇ ಅದನ್ನು ಒಳಗಿನಿಂದ ಶಿಥಿಲಗೊಳಿಸುವುದರಿಂದ, ಸ್ಪೀಕರ್ ದಿನವೂ ನುಡಿದಿರಲಿ, ನುಡಿಯದೆ ಮೂಲೆಯಲ್ಲಿ ಕುಳಿತಿರಲಿ, ಸಾಮಾನ್ಯವಾಗಿ 15–20 ವರ್ಷಗಳಲ್ಲಿ ಅದು ಮೊದಲು ಅಂಟಂಟಾಗಿ, ಬಳಿಕ ಪುಡಿಯಾಗುತ್ತದೆ. ಹೀಗಾಗಿ 1974ರಲ್ಲಿ ಬಂದ ಎಚ್‌ಪಿಡಿ ಘಟಕಗಳಲ್ಲಿ ಕಾರ್ಖಾನೆಯ ಫೋಮ್ ಇನ್ನೂ ಉಳಿದಿರಬೇಕೆಂದು ಬಲ್ಲವರಾರೂ ನಿರೀಕ್ಷಿಸುವುದಿಲ್ಲ. ಹರಿದ ಅಂಚಿನಲ್ಲೇ ನುಡಿಸುತ್ತಾ ಹೋದರೆ ಮಾತ್ರ ಕೋನ್ ಒಂದು ಬದಿಗೆ ವಾಲಿ, ವಾಯ್ಸ್ ಕಾಯಿಲ್ (ಕೋನಿಗೆ ಅಂಟಿಕೊಂಡ ತಂತಿಯ ಸುರುಳಿ) ಅಯಸ್ಕಾಂತದ ಕಿರಿದಾದ ಸಂದಿಗೆ ಉಜ್ಜಿ ಕೆಡುತ್ತದೆ. ಆಗ ಕೋನ್ ಮತ್ತು ಕಾಯಿಲ್ ಎರಡನ್ನೂ ಬದಲಿಸುವ ರೀಕೋನಿಂಗ್ ಅನಿವಾರ್ಯವಾಗುತ್ತದೆ. ಬೆಲೆ ನಿಜಕ್ಕೂ ಕುಸಿಯುವುದು ಅಲ್ಲಿ, ಏಕೆಂದರೆ ಸ್ಪೀಕರಿನ ದನಿಯನ್ನು ನಿರ್ಧರಿಸುವ ಭಾಗವೇ ಆಗ ಹೊಸದಾಗಿರುತ್ತದೆ.

ಆದರೆ ಸಿಕ್ಕಿದ ಅಂಚನ್ನು ಅಂಟಿಸಿದರೆ ಆಗುವುದಿಲ್ಲ. ಮೂಲಕ್ಕಿಂತ ಗಡುಸಾದದ್ದು ಕೋನಿನ ಅನುರಣನ ಆವರ್ತನವನ್ನು (ಅದು ತಾನಾಗಿ ಅದುರುವ ವೇಗವನ್ನು) ಮೇಲೇರಿಸುತ್ತದೆ, ತಗ್ಗಿನ ಸ್ವರಗಳು ಸೊರಗುತ್ತವೆ. ಒಂದರ ಅಂಚು ಇನ್ನೂ ಗಟ್ಟಿಯಾಗಿ ಕಂಡರೂ ಎರಡನ್ನೂ ಒಟ್ಟಿಗೇ ಮಾಡಿಸಿ. ಅನುಭವವುಳ್ಳ ಕೊಳ್ಳುಗರು ಮೊದಲು ಗ್ರಿಲ್ ತೆಗೆದು, ಎರಡೂ ಕೈಗಳ ಬೆರಳುಗಳನ್ನು ಕೋನಿನ ಎದುರುಬದುರು ಬದಿಗಳಲ್ಲಿ ಇಟ್ಟು, ಮೆಲ್ಲಗೆ ಸಮನಾಗಿ ಒಳಕ್ಕೆ ಒತ್ತಿ, ಕಿವಿ ಹತ್ತಿರ ತಂದು ಕೆರೆದ ಸದ್ದು ಬರುತ್ತದೆಯೇ ಎಂದು ಆಲಿಸುತ್ತಾರೆ. ಅನಂತರ ಅಂಟಿನ ಗೆರೆ ಕೋನಿನ ಮೇಲೆ ಹರಡಿದೆಯೇ, ಹಳೆಯ ಫೋಮಿನ ಚೂರುಗಳನ್ನು ಪೂರ್ತಿ ಕೆರೆದು ತೆಗೆಯದೆ ಅದರ ಮೇಲೆಯೇ ಹೊಸದನ್ನು ಕೂರಿಸಿದ್ದಾರೆಯೇ ಎಂದು ನೋಡುತ್ತಾರೆ. ಮಾಡಿಸುವಾಗಲೇ ಪ್ರತಿ ಹಂತದ ಫೋಟೋ ತೆಗೆಸಿಟ್ಟುಕೊಳ್ಳಿ. ಕಾಣದ ಕೆಲಸವನ್ನು ಕೊಳ್ಳುಗ ನಂಬುವುದು ಅದರಿಂದಲೇ.

ಪ್ರಶ್ನೆ: ಹಾಗಾದರೆ ಜೆಬಿಎಲ್ ಎಲ್100ಕ್ಕೂ ಫೋಮ್ ಅಂಚು ಹಾಕಿಸಬಹುದೇ ಸರ್? ಅದರ ಮುಂಭಾಗದ ಫೋಮ್ ಎಲ್ಲ ಉದುರಿಹೋಗಿದೆ.

ಉತ್ತರ: ಖಂಡಿತ ಬೇಡ. 1970ರಲ್ಲಿ ಬಂದ ಎಲ್100ರಲ್ಲಿ ಉದುರುವುದು ಚೌಕಚೌಕವಾಗಿ ಕಾಣುವ ಗ್ರಿಲ್ಲಿನ ಫೋಮ್. ವೂಫರಿನ (ತಗ್ಗಿನ ಸ್ವರಗಳನ್ನು ನುಡಿಸುವ ಘಟಕದ) ಅಂಚು ಲೇಪ ಹಚ್ಚಿದ, ಮಡಿಕೆಯಿರುವ ಬಟ್ಟೆಯದು, ಅದು ಸಾಮಾನ್ಯವಾಗಿ ಇಂದಿಗೂ ಚೆನ್ನಾಗಿಯೇ ಇರುತ್ತದೆ. ಅದನ್ನು ಕಿತ್ತು ಫೋಮ್ ಹಾಕಿದರೆ ಒಳ್ಳೆಯ ವೂಫರನ್ನು ನೀವೇ ಕೆಡಿಸಿದಂತೆ. ಗ್ರಿಲ್ಲನ್ನು ಮಾತ್ರ ಬದಲಿಸಿ. ಅದು ಮರುತಯಾರಿಕೆಯದೆಂದು ತಿಳಿಸಿ ಮಾರಿದರೆ ಹೆಚ್ಚಿನವರು ಆಕ್ಷೇಪಿಸುವುದಿಲ್ಲ.

ಪ್ರಶ್ನೆ: ನನ್ನದು ಬಿಬಿಸಿ ವಿನ್ಯಾಸದ ಎಲ್‌ಎಸ್3/5ಎ, 15 ಓಮ್‌ನ ಜೋಡಿ. ಕ್ರಾಸ್‌ಓವರಿನ (ಸ್ವರಗಳನ್ನು ತಗ್ಗು, ಏರು ಎಂದು ವಿಂಗಡಿಸಿ ಆಯಾ ಘಟಕಕ್ಕೆ ಕಳಿಸುವ ಸರ್ಕ್ಯೂಟಿನ) ಕೆಪ್ಯಾಸಿಟರ್‌ಗಳನ್ನು ತೆಗೆದು ದುಬಾರಿ ಫಿಲ್ಮ್ ಕೆಪ್ಯಾಸಿಟರ್ ಹಾಕಿಸಿದರೆ ಬೆಲೆ ಏರುತ್ತದೆ ಎಂದು ಒಬ್ಬರು ಹೇಳಿದರು. ನಿಜವೇ?

ಉತ್ತರ: ಈ ಮಾದರಿಯ ವಿಷಯದಲ್ಲಿ ಆ ಮಾತು ತಲೆಕೆಳಗಾಗಿದೆ. ಎಲ್‌ಎಸ್3/5ಎಯನ್ನು ಜನ ಹುಡುಕಿಕೊಂಡು ಬರುವುದೇ ಅದು ಬಿಬಿಸಿಯ ಕಟ್ಟುನಿಟ್ಟಿನ ಮಾನದಂಡಕ್ಕೆ ಹೊಂದಿಸಿ ತಯಾರಾದದ್ದು ಎಂಬ ಕಾರಣಕ್ಕೆ. 15 ಓಮ್‌ನ ಕ್ರಾಸ್‌ಓವರಿನಲ್ಲಿ ಟ್ವೀಟರಿನ (ಏರು ಸ್ವರಗಳನ್ನು ನುಡಿಸುವ ಘಟಕದ) ಸದ್ದಿನ ಮಟ್ಟವನ್ನು ಸರಿಹೊಂದಿಸಲೆಂದೇ ಟ್ಯಾಪ್‌ಗಳಿರುವ, ಎಂದರೆ ಬೇರೆಬೇರೆ ಕಡೆ ತಂತಿ ಜೋಡಿಸಬಹುದಾದ, ಆಟೋಟ್ರಾನ್ಸ್‌ಫಾರ್ಮರ್ ಇದೆ. ಅಷ್ಟು ನಾಜೂಕಾಗಿ ಕೂರಿಸಿದ ಸಮತೋಲಕ್ಕೆ ಕೈಹಾಕಿದ್ದಾರೆಂದು ತಿಳಿದರೆ ಕೊಳ್ಳುಗ ಹಿಂಜರಿಯುತ್ತಾನೆ. ಎರಡರ ಹಿಂದಿನ ಸೀರಿಯಲ್ ಸಂಖ್ಯೆಗಳು ಜೋಡಿಯವೇ ಆಗಿರುವುದಕ್ಕೆ ಇರುವ ಬೆಲೆ ಯಾವ ದುಬಾರಿ ಕೆಪ್ಯಾಸಿಟರಿಗೂ ಇಲ್ಲ.

ಬೇರೆ ಸ್ಪೀಕರ್‌ಗಳಲ್ಲಿ, ವಿಶೇಷವಾಗಿ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರ್ ಬಳಸಿದ ಕಡೆ, ಬದಲಾವಣೆ ಅಗತ್ಯವಾಗಬಹುದು, ಏಕೆಂದರೆ ವಯಸ್ಸಾದಂತೆ ಅವುಗಳ ವಿದ್ಯುತ್ ಧಾರಣ ಮೌಲ್ಯ ಬದಲಾಗುತ್ತದೆ. ಮೊದಲು ಅಳೆಯಿಸಿ, ಮೌಲ್ಯ ತಪ್ಪಿದ್ದರೆ ಮಾತ್ರ ಬದಲಿಸಿ. ಫಿಲ್ಮ್ ಕೆಪ್ಯಾಸಿಟರಿನ ಒಳ ರೋಧ ಎಲೆಕ್ಟ್ರೋಲಿಟಿಕ್‌ನದಕ್ಕಿಂತ ಕಡಿಮೆಯಾದ್ದರಿಂದ ಟ್ವೀಟರ್ ಸ್ವಲ್ಪ ಜೋರಾಗಿ ಕೇಳಿಸಬಹುದು. ಕೆಲವರು ಇದನ್ನೇ ಸುಧಾರಣೆ ಎಂದು ಭಾವಿಸುತ್ತಾರೆ, ಆದರೆ ವಿನ್ಯಾಸಕಾರ ಉದ್ದೇಶಿಸಿದ ದನಿ ಅದಲ್ಲ. ತೆಗೆದ ಭಾಗಗಳನ್ನು ದಯವಿಟ್ಟು ಎಸೆಯಬೇಡಿ. ಯಾವುದು ಎಲ್ಲಿತ್ತೆಂದು ಚೀಟಿ ಅಂಟಿಸಿ, ಸ್ಪೀಕರಿನ ಜೊತೆಗೇ ಕೊಡಿ. ನಾನು ಬೆಲೆ ಕಟ್ಟುವಾಗ ಮುಖ್ಯವಾಗಿ ನೋಡುವುದು, ಮಾಡಿದ ಕೆಲಸವನ್ನು ಬೇಕೆಂದಾಗ ಬಿಡಿಸಿ ಹಿಂದಿನ ಸ್ಥಿತಿಗೆ ತರಲು ಸಾಧ್ಯವೇ ಎಂಬುದನ್ನು.

ಪ್ರಶ್ನೆ: ಹಿಂಭಾಗದ ಹಳೆಯ ಸ್ಕ್ರೂ ಟರ್ಮಿನಲ್‌ಗಳಿಗೆ ದಪ್ಪ ತಂತಿ ಹೊಂದುವುದಿಲ್ಲ. ರಂಧ್ರ ದೊಡ್ಡದು ಮಾಡಿ ಹೊಸದು ಹಾಕಿಸಬಹುದೇ? ಕ್ಯಾಬಿನೆಟ್‌ಗೂ ಪಾಲಿಶ್ ಮಾಡಿಸುವ ಆಸೆಯಿದೆ.

ಉತ್ತರ: ಪೆಟ್ಟಿಗೆಯನ್ನು ಕೊರೆದರೆ ಅದು ಶಾಶ್ವತ ಗಾಯ. ದಪ್ಪ ತಂತಿಯ ತುದಿಗೆ ಒಂದು ಚಿಕ್ಕ ತೆಳುತಂತಿಯನ್ನು ಬೆಸುಗೆ ಹಾಕಿ ಸೇರಿಸಿಕೊಂಡರೆ ನಿಮ್ಮ ಕೆಲಸ ಆಗುತ್ತದೆ. ಪಾಲಿಶ್ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ವೆನೀರ್ (ಪೆಟ್ಟಿಗೆಯ ಮೇಲೆ ಅಂಟಿಸಿದ ಒಳ್ಳೆಯ ಮರದ ಪದರ) ಬಹಳ ತೆಳು, ಎಷ್ಟೋ ಕಡೆ ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಯಂತ್ರದಿಂದ ಉಜ್ಜಿದರೆ ಮೂಲೆಗಳಲ್ಲಿ ಕೆಳಗಿನ ಹಲಗೆ ಕಾಣಿಸಿಕೊಳ್ಳುತ್ತದೆ. ಧೂಳು ಒರೆಸಿ, ಮರದ ಎಣ್ಣೆಯನ್ನೋ ಮೇಣವನ್ನೋ ತೆಳುವಾಗಿ ಹಚ್ಚಿದರೆ ಸಾಕು. ಹಿಂದಿನ ಕಾಗದದ ಲೇಬಲ್‌ಗೆ ಏನೂ ತಾಗಿಸಬೇಡಿ.

ಪ್ರಶ್ನೆ: ಯಮಾಹಾ ಎನ್‌ಎಸ್-1000ರ ಒಂದು ಟ್ವೀಟರಿನ ಗುಮ್ಮಟ ಒಡೆದಿದೆ. ಬೇರೆ ಒಳ್ಳೆಯ ಟ್ವೀಟರ್ ಹಾಕಿ ಮಾರಬಹುದೇ?

ಉತ್ತರ: ಬೆಲೆಯ ಮಾತಿಗಿಂತ ಮೊದಲು ಇನ್ನೊಂದು ಮಾತು. ಆ ಗುಮ್ಮಟ ಬೆರಿಲಿಯಂ ಲೋಹದ್ದು. ಅದರ ಧೂಳು ಉಸಿರಿನೊಡನೆ ಒಳಹೋದರೆ ಶ್ವಾಸಕೋಶಕ್ಕೆ ಗಂಭೀರ ಹಾನಿ ಮಾಡಬಲ್ಲದು. ಚೂರುಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ, ಊದಬೇಡಿ, ಗುಡಿಸಬೇಡಿ, ಅಂಟಿಸಲೂ ಹೋಗಬೇಡಿ. 1974ರಲ್ಲಿ ಈ ಸ್ಪೀಕರ್ ಹೆಸರಾದದ್ದೇ ಬೆರಿಲಿಯಂ ಗುಮ್ಮಟಗಳಿಂದ. ಹಾಗಾಗಿ ಬೇರೆ ಟ್ವೀಟರ್ ಕೂರಿಸಿದರೆ ಅದು ಎಷ್ಟೇ ಒಳ್ಳೆಯದಾಗಿದ್ದರೂ ಕೊಳ್ಳುಗನ ಪಾಲಿಗೆ ಅದು ಎನ್‌ಎಸ್-1000 ಆಗಿ ಉಳಿಯುವುದಿಲ್ಲ. ಅದೇ ಮಾದರಿಯ ಬಳಸಿದ ಟ್ವೀಟರ್ ಸಿಕ್ಕರೆ, ಅಳೆದು ಹೊಂದಿಕೆ ನೋಡಿ ಹಾಕಿಸಿ. ಸಿಗದಿದ್ದರೆ ಒಡೆದದ್ದನ್ನು ಮುಚ್ಚಿಡದೆ, ಸ್ಪಷ್ಟವಾದ ಫೋಟೋ ಹಾಕಿ, ದುರಸ್ತಿಯಾಗದ ಜೋಡಿ ಎಂದೇ ಮಾರಿ. ಉಳಿದ ಘಟಕಗಳಿಗಾಗಿಯೇ ಕೊಳ್ಳುವವರು ಇದ್ದಾರೆ. ಸಾಗಿಸುವ ಮುನ್ನ ಒಡೆದ ಟ್ವೀಟರಿನ ಮುಂಭಾಗವನ್ನು ಗಟ್ಟಿಯಾದ ಮುಚ್ಚಳದಿಂದ ಮುಚ್ಚಿ, ಒಳಗೆ ಬೆರಿಲಿಯಂ ಇದೆ ಎಂದು ಅದರ ಮೇಲೆ ಬರೆದು ಕಳುಹಿಸಿ.